ನಾಯಿ ಬದುಕಿದ್ದರೆ ಸಾಕು

ಆ ದಿನ ಬೆಳಿಗ್ಗೆ ನಾಯಿ ಬನ್ನು ತಿನ್ನಲು ಬರಲಿಲ್ಲ. ಸಿದ್ರಾಮಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ದಿನಾ ಹಾಲಿನವನ ಸೈಕಲ್ಲಿನ ಗಂಟೆ ಕೇಳುತ್ತಲೇ ಅದು ವಠಾರದ ಬಾಗಿಲಿಗೆ ಬಂದು ಕೂರುತ್ತಿತ್ತು. ಸಿದ್ರಾಮಪ್ಪ ಬನ್ನನ್ನು ಹಾಲಿನಲ್ಲಿ ಅದ್ದಿ, ತಟ್ಟೆಗೆ ಹಾಕಿ, ಅದು ಕೊನೆಯ ಚೂರು ನೆಕ್ಕುವ ತನಕ ಎದುರಿಗೇ ಕೂತು ನೋಡುತ್ತಿದ್ದ. ಮನೆಗೆ ಬರುವ ಹಾಲೆಲ್ಲ ನಾಯಿಯ ಹೊಟ್ಟೆಗೆ ಹೋಗುತ್ತಿದ್ದುದರಿಂದ ಗಂಡ ಹೆಂಡತಿ ಇಬ್ಬರಿಗೂ ಕರೀ ಚಹಾವೇ ಗತಿಯಾಗಿತ್ತು. ತನ್ನನ್ನು ಕಚ್ಚಿದ ನಾಯಿಗೆ ಇಷ್ಟು ಉಪಚಾರ ಮಾಡಿದ ಮನುಷ್ಯ ಶೆಟ್ಟಿಹಳ್ಳಿಯಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಸಿದ್ರಾಮಪ್ಪ ಗದಗಿನ ಕಡೆಯವನು. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಹೆಂಡತಿ ಈರವ್ವನೊಡನೆ ಚಿಕ್ಕಹನುಮಯ್ಯನ ವಠಾರದಲ್ಲಿ ಬಾಡಿಗೆಗಿದ್ದ. ಒಂದು ಸಂಜೆ ಕಾರ್ಖಾನೆಯಿಂದ ದ್ರಾಕ್ಷಿ ತೋಟದ ಪಕ್ಕದ ದಾರಿಯಲ್ಲಿ ಬರುತ್ತಿದ್ದಾಗ ಒಂದು ಕೆಂಚು ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಅದು ಊರಲ್ಲಿ ಅಲೆಯುವ ನಾಯಿಯೆಂದು ಎಲ್ಲರಿಗೂ ಗೊತ್ತಿತ್ತು. ಕಚ್ಚಿಸಿಕೊಂಡವನು ಮಾತ್ರ ಅದರ ಬಣ್ಣವನ್ನೂ ಹಲ್ಲನ್ನೂ ಬಿಟ್ಟರೆ ಬೇರೇನನ್ನೂ ನೋಡದೆ ಓಡಿ ಬಂದಿದ್ದ.

ಚಿಕ್ಕಹನುಮಯ್ಯನ ಹೆಂಡತಿ ಗೋಪಾಲಮ್ಮ ಧಾರಾಳ ಮನಸ್ಸಿನವಳು. ಗಾಯ ಕಂಡದ್ದೇ ಒಂದು ಹಿಡಿ ಖಾರದ ಪುಡಿ, ಅದರ ಮೇಲೆ ಸುಣ್ಣ ಮೆತ್ತಿದಳು. ಸಿದ್ರಾಮಪ್ಪ ಹಾಕಿದ ಕೂಗಿಗೆ ಅಕ್ಕಪಕ್ಕದ ನಾಯಿಗಳೆಲ್ಲ ಬೊಗಳಿದವು. ಈರವ್ವ ಅವನನ್ನು ಯಶವಂತಪುರದ ಡಾಕ್ಟರ್ ವೆಂಕಟರಾಮಯ್ಯನವರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದರು. ತೊಳೆಯುವಷ್ಟು ಹೊತ್ತೂ ಬೈದರು.

"ಖಾರದ ಪುಡಿ ಸಾರಿಗೆ ಕಣ್ರೀ, ಗಾಯಕ್ಕಲ್ಲ. ನಾಯಿ ಕಚ್ಚಿದ್ರೆ ಮೊದ್ಲು ಸೋಪು, ನೀರು, ಆಮೇಲೆ ಡಾಕ್ಟ್ರು. ಅಷ್ಟೇ! ನಾಯಿ ಯಾವ್ದು ಅಂತ ಗೊತ್ತಿದೆ ತಾನೆ? ಹತ್ತು ದಿನ ಅದರ ಮೇಲೆ ಕಣ್ಣಿಡಿ. ಹುಚ್ಚಿದ್ರೆ ಅಷ್ಟರಲ್ಲಿ ಸಾಯುತ್ತೆ. ಚೆನ್ನಾಗಿದ್ರೆ ನಿಮ್ಗೂ ಭಯ ಇಲ್ಲ. ಸತ್ತೋದ್ರೆ, ಇಲ್ಲಾ ಕಾಣೆಯಾದ್ರೆ, ಆ ಕ್ಷಣ ಓಡಿ ಬನ್ನಿ. ಹದಿನಾಲ್ಕು ಇಂಜೆಕ್ಷನ್. ಹೊಕ್ಕಳ ಸುತ್ತ."

ಆಗೆಲ್ಲ ನಾಯಿ ಕಡಿತಕ್ಕೆ ಇದ್ದದ್ದು ಅದೊಂದೇ ಮದ್ದು. ಇಷ್ಟು ಹೇಳಿ ಅವರು ಟಿಟಿ ಇಂಜೆಕ್ಷನ್ನಿಗೆಂದು ಸೂಜಿ ಎತ್ತಿದರು. ಅದು ತೋಳಿಗೆ ತಾಗುವ ಮೊದಲೇ ಸಿದ್ರಾಮಪ್ಪ ನೆಲಕ್ಕೆ ತಾಗಿದ್ದ. ಅವನ ಮುಖಕ್ಕೆ ನೀರು ಚಿಮುಕಿಸುತ್ತ ಡಾಕ್ಟರು ಈರವ್ವನಿಗೆ ಹೇಳಿದರು: "ತುಂಬಾ ಅಂಜುಬುರುಕರು ಇವರು. ಮನೆಯವರು ಧೈರ್ಯ ಹೇಳಿ. ಯಾರೂ ಗಾಬರಿ ಮಾಡ್ಬೇಡಿ."

ಅಂದಿನಿಂದ ಸಿದ್ರಾಮಪ್ಪನ ಜೀವ ಆ ನಾಯಿಯ ಮೈಯೊಳಗೆ ಸೇರಿಕೊಂಡಿತು. ಮೊದಮೊದಲು ಕಿಟಕಿಯಿಂದಲೇ ಬನ್ನು ಎಸೆಯುತ್ತಿದ್ದ. ನಾಯಿ ಗುರ್ರೆಂದು ಹಲ್ಲು ತೋರಿಸುತ್ತ ತಿಂದು ಹೋಗುತ್ತಿತ್ತು. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಅದಕ್ಕೆ ಪಶ್ಚಾತ್ತಾಪವಾಯಿತೋ ಏನೋ, ಗುರುಗುಟ್ಟುವುದು ಬಿಟ್ಟು ಬಾಲ ಅಲ್ಲಾಡಿಸತೊಡಗಿತು. ಆಮೇಲೆ ಕೈಯನ್ನೂ ನೆಕ್ಕಿತು. ಅನ್ನದ ಋಣ ಅಂದರೆ ಇದು ಎಂದು ಸಿದ್ರಾಮಪ್ಪ ಕಣ್ಣೀರು ಹಾಕಿದ.

ನಾಯಿ ಒಳ್ಳೆಯದಾದರೂ ನೆರೆಹೊರೆ ಒಳ್ಳೆಯದಾಗಲಿಲ್ಲ. ಪಕ್ಕದ ಮನೆಯ ಪಂಚಪ್ಪ ಅದೇ ಕಾರ್ಖಾನೆಯವನು, ಅದೇ ಸೀಮೆಯವನು. "ಹುಚ್ಚು ನಾಯಿ ಕಡದ್ರ ನೀರು ಕಂಡ್ರ ಅಂಜತಾರ. ನಮ್ಮೂರಾಗ ಒಬ್ಬಾವ ತಂಬಿಗಿ ನೋಡಿ ಮಾಳಿಗಿ ಹತ್ತಿ ಕುಂತಿದ್ದ," ಎಂದು ವಠಾರಕ್ಕೆಲ್ಲ ಕೇಳುವಂತೆ ಹೇಳಿದ. ಆಮೇಲೆ ಬಂದವರೆಲ್ಲ ಒಂದು ಲೋಟ ನೀರು ತಂದು ಕೊಟ್ಟು, ಅವನ ಗಂಟಲನ್ನೇ ನೋಡುತ್ತ ನಿಲ್ಲತೊಡಗಿದರು. ಎಂಟು ಕಣ್ಣು ಗಂಟಲ ಮೇಲೆ ನೆಟ್ಟಿದ್ದರೆ ಪೈಲ್ವಾನನಿಗೂ ನೀರು ಇಳಿಯುವುದಿಲ್ಲ. ಸಿದ್ರಾಮಪ್ಪ ಕೆಮ್ಮಿದ. ಕೆಮ್ಮಿದ್ದೇ ಗೋಪಾಲಮ್ಮ ಮೊಮ್ಮಕ್ಕಳನ್ನು ಒಳಗೆ ಕರೆದುಕೊಂಡು ಚಿಲಕ ಹಾಕಿದಳು. ಕೊನೆಕೊನೆಗೆ ಲೋಟ ಕಂಡರೆ ಅವನಿಗೆ ನಿಜವಾಗಿಯೂ ಎದೆ ಹೊಡೆದುಕೊಳ್ಳುತ್ತಿತ್ತು.

ಹೀಗೆ ಹಲ್ಲು ಕಚ್ಚಿಕೊಂಡು ಒಂಬತ್ತು ದಿನ ಕಳೆದಿದ್ದ. ಇದು ಹತ್ತನೆಯದು. ಇವತ್ತೊಂದು ದಿನ ನಾಯಿ ಉಸಿರಾಡಿದರೆ ತಾನೂ ಬದುಕಿದಂತೆ. ಇವತ್ತೇ ನಾಯಿ ಇಲ್ಲ!

"ಈರವ್ವಾ, ನಾಯಿ ಬಂದಿಲ್ಲಲೇ!" ಸಿದ್ರಾಮಪ್ಪ ಬಾಗಿಲಿನಿಂದಲೇ ಕೂಗಿದ.

"ಬರ್ತೈತಿ, ತಡೀರಿ," ಅಂದಳು ಈರವ್ವ. ಹಾಗೆ ಹೇಳುವಾಗ ಅವಳು ಗಂಡನ ಮುಖ ನೋಡದೆ, ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಚಿಕ್ಕಹನುಮಯ್ಯನ ಮುಖ ನೋಡಿದಳು.

ಚಿಕ್ಕಹನುಮಯ್ಯ ಬೇವಿನ ಕಡ್ಡಿ ಬಾಯಿಂದ ತೆಗೆದು ಉಗಿದ. "ಎಲ್ಲೋಯ್ತದೆ ಬುಡಿ ಸಿದ್ರಾಮಪ್ಪೋರೆ. ಇಂಗೆ ಎದರ್ಕಂಡ್ರೆ ಎಂಗೆ? ಒಸಿ ಪಕ್ಕದೂರು ಸಿಂಗಾಪುರದ ಕಡೀಕೆ ನೋಡ್ಕಂಡು ಬನ್ನಿ."

"ಸಿಂಗಾಪುರಕ್ಕ ಯಾಕ ಹೋಗ್ತೈತ್ರೀ ಅದು?"

"ಅದೂ... ನಾಯಲ್ವಾ? ನಾಯಿಗೆ ಯಾವೂರಾದ್ರೇನು," ಎಂದು ಚಿಕ್ಕಹನುಮಯ್ಯ ಮತ್ತೆ ಕಡ್ಡಿಯನ್ನು ಬಾಯಿಗಿಟ್ಟುಕೊಂಡ.

ಸಿದ್ರಾಮಪ್ಪ ಕಾರ್ಖಾನೆಗೆ ಚಕ್ಕರ್ ಹಾಕಿ, ಬನ್ನನ್ನು ಜೇಬಿಗೆ ತುರುಕಿ ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಕೆಂಪಗೆ ಕಂಡದ್ದೆಲ್ಲ ನಾಯಿಯೇ. ಒಂದು ಕಡೆ ನೀಲಗಿರಿ ತೋಪಿನ ಮೇಲೆ ಕಾಗೆಗಳು ಸುತ್ತುತ್ತಿದ್ದವು. ಸೈಕಲ್ ಬಿಸಾಡಿ ಓಡಿ ಹೋಗಿ ನೋಡಿದರೆ ಯಾರೋ ಉಂಡು ಬಿಸಾಡಿದ ಎಲೆ ಬಿದ್ದಿತ್ತು. ಅಲ್ಲೇ ಕೂತು ಉಸಿರು ತಿರುಗಿಸಿಕೊಂಡ. ಸಾಯುವುದು ಒಂದು ಭಯವಾದರೆ, ಬೊಗಳಿಕೊಂಡು ಸಾಯುವುದು ಇನ್ನೊಂದು. ಅದಕ್ಕಿಂತ ದೊಡ್ಡದು, ಬಸ್ಸಿನ ನಂಬರು ಓದಲು ಬಾರದ ಈರವ್ವ ಈ ಊರಲ್ಲಿ ಒಬ್ಬಳೇ ಏನು ಮಾಡುತ್ತಾಳೆ ಎನ್ನುವುದು. ಅವನಿಗೆ ಅಳು ಬಂತು. ಗಂಟಲು ಬಿಗಿದಂತಾಯಿತು. ಬಿಗಿದದ್ದು ಅಳುವಿಗೋ ರೋಗಕ್ಕೋ ತಿಳಿಯದೆ ಮತ್ತಷ್ಟು ಹೆದರಿ ಸೈಕಲ್ ತುಳಿದ.

ಸಿಂಗಾಪುರದಲ್ಲಿ ಒಂದು ಹುಲ್ಲಿನ ಮೆದೆಯ ಪಕ್ಕ, ಬಿಸಿಲು ಕಾಯಿಸಿಕೊಳ್ಳುತ್ತ, ಮಾವನ ಮನೆಗೆ ಬಂದ ಅಳಿಯನ ಹಾಗೆ ನಾಯಿ ಮಲಗಿತ್ತು.

ಸಿದ್ರಾಮಪ್ಪ ಅದರ ಕೊರಳು ತಬ್ಬಿಕೊಂಡುಬಿಟ್ಟ. ಅಲ್ಲೇ ರಾಗಿ ಕೇರುತ್ತಿದ್ದ ಮುನಿಕೆಂಪಮ್ಮ ಎಂಬ ಮುದುಕಿ ಮೊರ ಕೆಳಗಿಟ್ಟಳು. "ಯಾರ್ದಪ್ಪಾ ಈ ನಾಯಿ?"

"ನಂದು ಬೇ! ನನ್ನ ಜೀವಾನ ಇದು!"

"ನಮ್ದೂ ಒಂದಿತ್ತು, ಇದೇ ಬಣ್ಣ. ಓದ ವಾರ ಎಲ್ಲೋ ಒಂಟೋಯ್ತು. ನಮ್ದು ಬಡಕ್ಲು ಕಣಪ್ಪ, ಎಲುಬು ಎಣಿಸ್ಬೋದಿತ್ತು. ಇದೇನು, ಒಳ್ಳೆ ಕುರಿ ಇದ್ದಂಗದೆ." ನಾಯಿ ಎದ್ದು ಹೋಗಿ ಅವಳ ಕಾಲು ನೆಕ್ಕಿತು. ಮುದುಕಿಗೆ ಸಂತೋಷವಾಯಿತು. "ಏನು ಒಳ್ಳೆ ನಾಯಪ್ಪಾ! ಗುರ್ತಿಲ್ದೋರ ಕಾಲ್ನೂ ನೆಕ್ತದೆ."

ಇಂಥ ಮಾತಿಗೆ ಕಿವಿಗೊಡುವ ಸ್ಥಿತಿಯಲ್ಲಿ ಸಿದ್ರಾಮಪ್ಪ ಇರಲಿಲ್ಲ. ಮತ್ತೆ ತಪ್ಪಿಸಿಕೊಂಡರೆ? ಊರು ಮುಟ್ಟುವುದರೊಳಗೆ ಏನಾದರೂ ಆಗಿಬಿಟ್ಟರೆ? ಬದುಕಿರುವಾಗಲೇ ಡಾಕ್ಟರಿಗೆ ತೋರಿಸಿಬಿಡುವುದು ಕ್ಷೇಮ ಅನ್ನಿಸಿತು. ಮುದುಕಿಯ ಹತ್ತಿರ ಒಂದು ಹಳೇ ದ್ರಾಕ್ಷಿ ಬುಟ್ಟಿ ಬೇಡಿ, ಕ್ಯಾರಿಯರಿಗೆ ಕಟ್ಟಿ, ಅದರಲ್ಲಿ ನಾಯಿಯನ್ನು ಕೂರಿಸಿ ಟವೆಲಿನಿಂದ ಬಿಗಿದ. ಯಶವಂತಪುರದವರೆಗೂ ಲಾರಿ ಕಂಡಲ್ಲೆಲ್ಲ ಇಳಿದು, ತಾನು ರಸ್ತೆಯ ಕಡೆ ನಿಂತು, ನಾಯಿಯನ್ನು ಚರಂಡಿಯ ಕಡೆ ಹಿಡಿದುಕೊಂಡ. ಲಾರಿ ತನಗೆ ತಗುಲಿದರೂ ಚಿಂತೆಯಿರಲಿಲ್ಲ. ನಾಯಿಗೆ ಏನೂ ಆಗಬಾರದಿತ್ತು.

ಡಾಕ್ಟರ ಕ್ಲಿನಿಕ್ಕಿನೊಳಗೆ ಬುಟ್ಟಿ ಕಾಲಿಟ್ಟದ್ದೇ, ಎದ್ದು ನಿಲ್ಲಲಾಗದೆ ಬಂದಿದ್ದ ಸಂಧಿವಾತದ ಹೆಂಗಸೊಬ್ಬಳು ಬೆಂಚು ಹಾರಿದಳು. ಕಾಂಪೌಂಡರು ಔಷಧಿಯ ಕಪಾಟಿನ ಹಿಂದೆ ಸೇರಿಕೊಂಡ.

"ನಾಯಿ ಮೇಲೆ ಕಣ್ಣಿಡಿ ಅಂದ್ರೆ ನನ್ ಟೇಬಲ್ ಮೇಲೆ ತಂದಿಡೋದೇನ್ರೀ?" ಡಾಕ್ಟರು ಕೂಗಿದರು.

"ಹತ್ತನೇ ದಿನಾ ರೀ! ನೀವಽ ನೋಡ್ರಿ. ಉಸಿರು ಆಡಾಕತ್ತೈತಿ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಒಂದು ಬಟ್ಟಲು ನೀರಿಡಿಸಿದರು. ನಾಯಿ ಗಟಗಟ ಕುಡಿಯಿತು. ಸಿದ್ರಾಮಪ್ಪನ ಜೇಬಿನಿಂದ ಬನ್ನನ್ನೂ ಎಳೆದು ತಿಂದಿತು. "ನಮ್ಮೆಲ್ರಿಗಿಂತ ಗಟ್ಟಿಯಾಗಿದೆ ಇದು. ಗೆದ್ರಿ ಕಣ್ರೀ. ಇಂಜೆಕ್ಷನ್ ಬೇಡ, ಏನೂ ಬೇಡ. ಮನೆಗೆ ಹೋಗಿ ಸುಖವಾಗಿ ನಿದ್ದೆ ಮಾಡಿ."

ಸಿದ್ರಾಮಪ್ಪ ಬಾಗಿಲಾಚೆ ಬಂದು ಬೀದಿ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿದ, ಮತ್ತೆ ಕುಡಿದ. ಯಾರೂ ಅವನ ಗಂಟಲು ನೋಡುತ್ತಿರಲಿಲ್ಲ. ನೀರು ಇಷ್ಟು ರುಚಿ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಜಿಲೇಬಿ ಪೊಟ್ಟಣದೊಂದಿಗೆ ಅವನು ಶೆಟ್ಟಿಹಳ್ಳಿಗೆ ಬಂದಾಗ ವಠಾರಕ್ಕೆ ವಠಾರವೇ ಅಂಗಳದಲ್ಲಿ ಸೇರಿತು. ಪಂಚಪ್ಪ ಎರಡು ಸಲ ಕೈಯೊಡ್ಡಿ ಜಿಲೇಬಿ ತಿಂದ. ಗೋಪಾಲಮ್ಮ ನಾಯಿಗೆ ದೃಷ್ಟಿ ತೆಗೆದಳು. ಈರವ್ವ ಮಾತ್ರ ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಿದ್ದಳು. ಸಂತೋಷಕ್ಕೆ ಮಾತು ಕಟ್ಟಿದೆ ಎಂದುಕೊಂಡ ಸಿದ್ರಾಮಪ್ಪ.

ಎಲ್ಲರ ಬಾಯೂ ಸಿಹಿಯಾದ ಮೇಲೆ ಚಿಕ್ಕಹನುಮಯ್ಯ ಗಂಟಲು ಸರಿಮಾಡಿಕೊಂಡ.

"ಸಿದ್ರಾಮಪ್ಪೋರೆ, ಹತ್ತು ದಿವ್ಸ ಕಳೀತಲ್ಲ, ಇನ್ನು ಏಳಿದ್ರೆ ತಪ್ಪಿಲ್ಲ. ನಿಮ್ಮನ್ನ ಕಚ್ಚಿದ್ ನಾಯಿ ಇದಲ್ಲ ಕಣ್ರೀ."

ಸಿದ್ರಾಮಪ್ಪನ ಬಾಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು.

"ಅದು ಮೂರ್ನೇ ದಿವ್ಸವೇ ಇಟ್ಟಿಗೆ ಲಾರಿಗೆ ಸಿಕ್ಕಂಡು ಸತ್ತೋಯ್ತು. ನೀವು ಡ್ಯೂಟಿಗೆ ಓಗಿದ್ರಿ. ನಾನೇ ಗುಂಡಿ ತೋಡಿ ಮುಚ್ದೆ. ನಿಮ್ಗೆ ಏಳಿದ್ರೆ ನಿಂತಲ್ಲೇ ಎದೆ ಒಡ್ಕಂತಿದ್ರಿ. ಅದ್ಕೇ ಸಿಂಗಾಪುರದಿಂದ ಇದ್ನ ಇಡ್ಕಂಬಂದ್ವಿ."

"ನಾಕು ನಾಯಿ ನೋಡಿ, ಬಣ್ಣ ಒಪ್ಪೋದ್ನೇ ಆರ್ಸಿದ್ದು," ಎಂದಳು ಗೋಪಾಲಮ್ಮ, ಮದುವೆಗೆ ಜವಳಿ ತೆಗೆದವಳ ಹೆಮ್ಮೆಯಿಂದ.

ಸಿದ್ರಾಮಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರಿಗೂ ಗೊತ್ತಿತ್ತು. ಎಲ್ಲರ ಮುಖದಲ್ಲೂ ಉಪಕಾರ ಮಾಡಿದ ತೃಪ್ತಿ. ಕಡೆಗೆ ಹೆಂಡತಿಯ ಕಡೆ ತಿರುಗಿದ. "ನಿನಗೂ ಗೊತ್ತಿತ್ತೇನಲೇ?"

ಈರವ್ವನ ಕಣ್ಣು ತುಂಬಿತು. "ನಿಮಗ ಗಾಬರಿ ಮಾಡಬ್ಯಾಡ್ರಿ ಅಂತ ಡಾಕ್ಟರಽ ಹೇಳಿದ್ರಲ್ರೀ. ನೀವು ಒಂದು ಸೂಜಿ ನೋಡಿ ಬಿದ್ರಿ. ಹದಿನಾಲ್ಕು ಹೆಂಗ ತಡೀತೀರಿ? ದಿನಾ ನೀವು ಮಲಗಿದ ಮ್ಯಾಲ ನಿಮ್ಮ ಉಸಿರು ಕೇಳ್ಕೋತ ಕುಂತಿರ್ತಿದ್ದೆ ನಾ."

ಕೇಡು ಬಯಸಿದವರ ಜೊತೆ ಜಗಳವಾಡಬಹುದು, ಒಳ್ಳೆಯದು ಬಯಸಿದವರನ್ನು ಏನು ಮಾಡುವುದು? ಕಾಲಿನಿಂದ ಭಯ ಮತ್ತೆ ಮೇಲೇರತೊಡಗಿತು. ಈ ಸಲ ಅದಕ್ಕೆ ಸರಿಯಾದ ಕಾರಣವೂ ಇತ್ತು.

ಮತ್ತೆ ಯಶವಂತಪುರ. ಜೊತೆಗೆ ಈರವ್ವ, ಚಿಕ್ಕಹನುಮಯ್ಯ. ವಿಷಯ ಕೇಳಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಲಾರಿಗೆ ಸತ್ತಿತು, ಸರಿ. ಹುಚ್ಚಿತ್ತೋ ಇಲ್ವೋ ಅಂತ ಲಾರಿಯವನು ಹೇಳ್ತಾನಾ? ಅವತ್ತೇ ಬಂದಿದ್ರೆ ಇಷ್ಟು ಹೊತ್ತಿಗೆ ಅರ್ಧ ಇಂಜೆಕ್ಷನ್ ಮುಗೀತಿತ್ತು. ಇಷ್ಟು ದಿನ ಕೈಯಾರೆ ಕಳೆದ್ರಲ್ರೀ! ಗಾಬರಿ ಮಾಡ್ಬೇಡಿ ಅಂದ್ರೆ ಮುಚ್ಚಿಡಿ ಅಂತ ಅರ್ಥಾನಾ?"

ಚಿಕ್ಕಹನುಮಯ್ಯ ಒಪ್ಪಲಿಲ್ಲ. "ಅಲ್ಲ ಡಾಕ್ಟ್ರೇ, ಎಂಗೋ ಹತ್ತು ದಿವ್ಸ ಕಳೀತಲ್ಲ?"

"ಯಾರಿಗೆ ಕಳೀತು?"

"ಇವ್ರಿಗೇ."

"ಕಳೀಬೇಕಾಗಿದ್ದು ಇವರಿಗಲ್ಲ ಕಣಯ್ಯಾ, ನಾಯಿಗೆ!"

ಮಾರನೆಯ ಬೆಳಿಗ್ಗೆ ಸರಕಾರಿ ಆಸ್ಪತ್ರೆಯ ಮೇಜಿನ ಮೇಲೆ ಸಿದ್ರಾಮಪ್ಪ ಅಂಗಿ ಮೇಲೆತ್ತಿ ಮಲಗಿದ. ಧೈರ್ಯ ಹೇಳಲೆಂದು ವಠಾರದವರೆಲ್ಲ ಹೊರಗೆ ಕಿಟಕಿಗೆ ಜೋತುಬಿದ್ದಿದ್ದರು. ನರ್ಸಮ್ಮ ಉದ್ದನೆಯ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ, ಅವನ ಹೊಟ್ಟೆಯ ಮೇಲೆ ಸ್ಪಿರಿಟ್ಟು ಒರೆಸಿ, ಮೃದುವಾಗಿ ಹೇಳಿದರು:

"ಗಾಬರಿಯಾಗ್ಬೇಡಿ, ಏನೂ ಆಗಲ್ಲ."

ಆ ಮಾತು ಕೇಳಿದ್ದೇ ಸಿದ್ರಾಮಪ್ಪ ಮೇಜಿನಿಂದ ಹಾರಿ ಓಡಿದ. ಅವನನ್ನು ಹಿಡಿದು ತಂದವರು, ಪಾಪ, ವಠಾರದವರೇ.