ಬಡತನ ನೋಡಲು ಬಂದವರು

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪಿಕೊಳ್ಳದಿದ್ದರೂ ಕೊಳ್ಳೇಗಾಲದಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆನ್ನ ಹಿಂದೆ ಹುಡುಗರು ನನ್ನನ್ನು ‘ಒಗ್ಗರಣೆ ಮೇಷ್ಟ್ರು’ ಅನ್ನುತ್ತಾರಂತೆ. ಎಣ್ಣೆ ಯಾವಾಗಲೂ ಕಾದಿರುತ್ತದೆ, ಸಾಸಿವೆ ಬೀಳುವುದೊಂದೇ ಬಾಕಿ. ಡಾಕ್ಟರು ಬಿ.ಪಿ. ಮಾತ್ರೆ ಬರೆದುಕೊಟ್ಟು, ‘ಕೋಪ ಬಂದಾಗ ಜೋರಾಗಿ ಉಸಿರೆಳೆದುಕೊಂಡು ನಿಧಾನವಾಗಿ ಬಿಡಿ ಮೇಷ್ಟ್ರೇ’ ಅಂದಿದ್ದಾರೆ. ಎಳೆದುಕೊಳ್ಳುತ್ತೇನೆ. ಬಿಡುವಾಗ ಅದು ಬೈಗುಳವಾಗಿ ಹೊರಬರುತ್ತದೆ, ನಾನೇನು ಮಾಡಲಿ? ಆದರೆ ಇಷ್ಟು ವರ್ಷ ನಾನು ಕೋಪಿಸಿಕೊಂಡದ್ದೆಲ್ಲ ಪುಡಿ ವಿಷಯಗಳಿಗೆ: ಮಹಾಪ್ರಾಣ ಬಿಟ್ಟು ಬರೆಯುವ ಹುಡುಗರು, ಚಿಲ್ಲರೆ ಕೊಡದ ಕಂಡಕ್ಟರು, ಉಪ್ಪು ಮರೆತ ಉಪ್ಪಿಟ್ಟು. ನಿಜವಾದ ಕೋಪ ಎಂದರೆ ಏನೆಂದು ಗೊತ್ತಾಗಿದ್ದು ಅಕ್ಕನ ಮಗಳಿಗೆ ಸ್ಕಾಲರ್‌ಶಿಪ್ ಕೊಡಿಸಲು ಹೊರಟ ಮೇಲೆ.

ಅಕ್ಕ ಚಿಕ್ಕತಾಯಮ್ಮನನ್ನು ಕೊಟ್ಟಿರುವುದು ಲೊಕ್ಕನಹಳ್ಳಿಗೆ. ಹನೂರು ದಾಟಿ ಇನ್ನೂ ಒಳಕ್ಕೆ ಹೋಗಬೇಕು, ಮನೆಯ ಹಿಂದಿನ ಹೊಲ ಮುಗಿಯುವಲ್ಲಿಗೇ ಕಾಡು ಶುರು. ರಾಗಿಯಲ್ಲಿ ಹಂದಿಗಳು ತಿಂದು ಬಿಟ್ಟದ್ದು ಇವರ ಪಾಲು. ಮನೆ ನಡೆಯುವುದು ಎರಡು ಹಸುಗಳ ಹಾಲಿನಿಂದ. ಭಾವ ಮಾದಪ್ಪ ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು ಹಸುವಿನ ಜೊತೆ. ಇವರ ಒಬ್ಬಳೇ ಮಗಳು ಭಾಗ್ಯ. ಅವಳು ಪಿಯುಸಿಯಲ್ಲಿದ್ದಾಗ ಪಕ್ಕದ ಮನೆಯ ಹಸು ಕರು ಹಾಕಲಾಗದೆ ಒದ್ದಾಡುತ್ತಿತ್ತು. ಪಶುವೈದ್ಯರು ಇನ್ನೆಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಅವರು ಫೋನಿನಲ್ಲಿ ಹೇಳುತ್ತಾ ಹೋದಂತೆ ಈ ಹುಡುಗಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಕರುವಿನ ಕಾಲು ಸರಿಮಾಡಿ ಹೊರಗೆಳೆದಳು. ಕರು ಎದ್ದು ನಿಂತಿತು. ಆವತ್ತಿನಿಂದ ಒಂದೇ ಹಟ, ದನದ ಡಾಕ್ಟರಾಗಬೇಕು. ‘ಮನುಷ್ಯರ ಡಾಕ್ಟರ್ ಯಾಕಾಗಬಾರದು ಮಗಾ?’ ಅಂತ ಕೇಳಿದೆ. ‘ಮನ್ಸರು ನೋವು ಎಲ್ಲಿ ಅಂತ ಬಾಯ್ಬುಟ್ಟು ಏಳ್ತಾರಲ್ಲ ಮಾವ, ಅವ್ರನ್ನ ಯಾರಾದ್ರೂ ನೋಡ್ಕತಾರೆ’ ಅಂದಳು.  

ಹೇಳಿದಂತೆ ಓದಿದಳು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಸರ್ಕಾರಿ ಸೀಟೇ, ಆದರೂ ಫೀಸು, ಹಾಸ್ಟೆಲು, ಮೆಸ್ಸು, ಪುಸ್ತಕ ಎಲ್ಲ ಸೇರಿದರೆ ಎರಡು ಹಸುಗಳ ಕೈಲಾಗುವ ಕೆಲಸವಲ್ಲ. ಭಾವ ತಮ್ಮ ಆ ದಿನದ ನಾಲ್ಕನೆಯ ಮಾತನ್ನು ಇದಕ್ಕೇ ಖರ್ಚು ಮಾಡಿದರು: ‘ದುಡ್ಡು ಒದಗುದ್ರೆ ಓಗ್ಲಿ. ಇಲ್ದಿದ್ರೆ ಕೊಳ್ಳೇಗಾಲದಲ್ಲೇ ಬಿ.ಎಸ್ಸಿ. ಸೇರ್ಲಿ.’ ನಾನೇ ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಸಂಬಳದ ಅರ್ಧ ಮನೆ ಸಾಲಕ್ಕೆ, ಉಳಿದರ್ಧ ಮಗನ ಎಂಜಿನಿಯರಿಂಗಿಗೆ ಹೋಗುತ್ತದೆ. ಊಟ ತಿಂಡಿ ನಡೆಯುವುದು ನನ್ನ ಹೆಂಡತಿಯ ಜಾಣತನದಿಂದ. ಹಾಗಾಗಿ ಎದೆ ತಟ್ಟಿಕೊಂಡು ‘ಸ್ಕಾಲರ್‌ಶಿಪ್ಪಿನ ಕತೆ ನನಗೆ ಬಿಡಿ ಭಾವ’ ಅಂದೆ. ಪೇಪರಿನಲ್ಲಿ ಬರುವ ವಿದ್ಯಾರ್ಥಿವೇತನದ ಪ್ರಕಟಣೆಗಳನ್ನೆಲ್ಲ ಕತ್ತರಿಸಿ ಶಾಲೆಯ ಬೋರ್ಡಿಗೆ ಅಂಟಿಸುವವನು ನಾನೇ. ನನಗಲ್ಲದೆ ಇನ್ಯಾರಿಗೆ ಗೊತ್ತು?

ಅಂಟಿಸುವುದು ಬೇರೆ, ಪಡೆಯುವುದು ಬೇರೆ ಎಂದು ಒಂದೇ ವಾರದಲ್ಲಿ ತಿಳಿಯಿತು. ಆಧಾರಿನಲ್ಲಿ ಇವಳು ಭಾಗ್ಯ. ಅಂಕಪಟ್ಟಿಯಲ್ಲಿ ಭಾಗ್ಯ ಎಂ. ಬ್ಯಾಂಕಿನವರು ಯಾವ ಗೌರವಕ್ಕೋ ಏನೋ ಭಾಗ್ಯಮ್ಮ ಅಂತ ಮಾಡಿದ್ದಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ನನ್ನ ಅಕ್ಕನಿಗೆ ಮೂವರು ಹೆಣ್ಣುಮಕ್ಕಳು! ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುವ ಅಂಗಡಿಯ ಹುಡುಗ ಬಾಯಲ್ಲಿ ಗುಟ್ಕಾ ಇಟ್ಟುಕೊಂಡು, ‘ಮೂರೂ ಜನ ಒಬ್ರೇ ಅಂತ ಅಫಿಡವಿಟ್ ತಗಬನ್ನಿ ಸಾ’ ಅಂದ. ಅಫಿಡವಿಟ್ ತಂದೆ. ‘ಸರ್ವರ್ ಡೌನ್ ಸಾ’ ಅಂದ. ಆ ಸರ್ವರ್ ಎನ್ನುವವನು ಮನುಷ್ಯನಾಗಿದ್ದಿದ್ದರೆ ಆವತ್ತು ನನ್ನ ಕೈಲಿ ಸಿಕ್ಕಿ ಏನಾಗುತ್ತಿದ್ದನೋ. ಇದರ ನಡುವೆ ನನ್ನ ಹೆಂಡತಿಯ ತವರು ಯಳಂದೂರಿನಲ್ಲಿ ಒಂದು ಸಂಘದವರು ಪ್ರತಿಭಾವಂತ ಬಡ ವಿದ್ಯಾರ್ಥಿಗಳಿಗೆ ನೆರವು ಕೊಡುತ್ತಾರೆಂದು ಕೇಳಿ ಭಾಗ್ಯಳನ್ನು ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವೇದಿಕೆಯ ಮೇಲಿದ್ದವರು ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಕೊನೆಗೆ ಮಕ್ಕಳನ್ನು ಹತ್ತಿಸಿ, ಒಂದೊಂದು ಪೆನ್ನು, ಒಂದೊಂದು ಶಾಲು ಕೊಟ್ಟು ಫೋಟೊ ಹೊಡೆದರು. ಶಾಲು ಹೊದ್ದುಕೊಂಡು ಕಾಲೇಜು ಸೇರಬಹುದೇ? ವೇದಿಕೆ ಇಳಿಯುತ್ತಿದ್ದ ಅಧ್ಯಕ್ಷರನ್ನು ತಡೆದು ಕೇಳಿಯೇ ಕೇಳಿದೆ. ಹೆಂಡತಿಯ ತವರಿನಲ್ಲಿ ನನ್ನನ್ನು ಈಗ ಯಾವ ಸಮಾರಂಭಕ್ಕೂ ಕರೆಯುವುದಿಲ್ಲ.

ಅಷ್ಟರಲ್ಲಿ ನಾವು ಅರ್ಜಿ ಹಾಕಿದ್ದ ಮೈಸೂರಿನ ಒಂದು ಟ್ರಸ್ಟಿನಿಂದ ಕರೆ ಬಂತು. ಹೆಸರು ಹೇಳಿದರೆ ಬಿ.ಪಿ. ಏರುತ್ತದೆ, ಬೇಡ. ಭಾಗ್ಯ ಅವರ ಮೊದಲ ಪಟ್ಟಿಯಲ್ಲಿದ್ದಳು. ಕೋರ್ಸು ಮುಗಿಯುವವರೆಗೆ ಪೂರ್ತಿ ಖರ್ಚು ಅವರದೇ. ಆದರೆ, ‘ಭಾನುವಾರ ಮನೆ ಪರಿಶೀಲನೆಗೆ ಬರುತ್ತೇವೆ, ಕುಟುಂಬದ ವಾಸ್ತವ ಸ್ಥಿತಿಯನ್ನು ಕಣ್ಣಾರೆ ನೋಡಬೇಕು’ ಅಂದರು. ನಾನು ಕೂಡಲೇ ಅಕ್ಕನಿಗೆ ಫೋನ್ ಮಾಡಿ, ‘ಮನೆ ಹೆಂಗದೋ ಹಂಗೇ ಇರ್ಲಿ. ಏನೂ ಮಾಡ್ಬೇಡ’ ಅಂತ ಒತ್ತಿ ಹೇಳಿದೆ. ‘ಆಯ್ತು ಕಣಪ್ಪ’ ಅಂದಳು. ಅಕ್ಕ ಇಷ್ಟು ಬೇಗ ‘ಆಯ್ತು’ ಅಂದಳೆಂದರೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ. ಐವತ್ತು ವರ್ಷದಿಂದ ಅವಳ ತಮ್ಮನಾಗಿರುವ ನನಗೆ ಇದು ಹೊಳೆಯಬೇಕಿತ್ತು.

ಭಾನುವಾರ ಹೊರಡುವಾಗ ನನ್ನ ಹೆಂಡತಿ ಒಂದು ಭಾರದ ಚೀಲ ಕೈಗಿಟ್ಟು, ‘ಅತ್ತಿಗೆಗೆ ಕೊಡಿ’ ಅಂದಳು. ಹನೂರಿನಲ್ಲಿ ಬಸ್ಸು ಬದಲಿಸಿ, ಚೀಲ ಹೊತ್ತು ಅಕ್ಕನ ಮನೆ ಮುಂದೆ ನಿಂತವನಿಗೆ ಮನೆ ತಪ್ಪಿ ಬಂದೆನೇ ಎನ್ನಿಸಿತು. ಬಾಗಿಲಿಗೆ ಮಾವಿನ ತೋರಣ. ಅಂಗಳ ಸಾರಿಸಿ ಮದುವೆಯ ಹಸೆಗೆ ಹಾಕುವಂಥ ರಂಗೋಲಿ. ಒಳಗೆ ಹಾಲಿನ ಡೈರಿಯಿಂದ ತಂದ ಆರು ಕುರ್ಚಿಗಳು, ಪಕ್ಕದ ಮನೆಯ ಟೇಬಲ್ ಫ್ಯಾನು, ಅಂಗನವಾಡಿ ಟೀಚರ್ ಮನೆಯ ಟೀಪಾಯಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಹಿತ್ತಿಲಿನಲ್ಲಿ ಭಾವ ಹುಂಜದ ಪುಕ್ಕ ಕೀಳುತ್ತಿದ್ದರು. ಅಕ್ಕ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಬಿಚ್ಚಿದಳು. ಒಳಗೆ ನನ್ನ ಹೆಂಡತಿಯ ಮದುವೆಯ ರೇಷ್ಮೆ ಸೀರೆ ಮತ್ತು ನಮ್ಮ ಮನೆಯ ಹೊಸ ಸ್ಟೀಲ್ ತಟ್ಟೆಗಳು!

‘ನಿನ್ ಎಂಡ್ತಿಗಿರೋ ಬುದ್ಧಿ ನಿಂಗಿಲ್ಲ ಕಣ್ಲಾ’ ಅಂದಳು ಅಕ್ಕ.

‘ಅಕ್ಕ, ಅವ್ರು ಬತ್ತಿರೋದೇ ಬಡತನ ನೋಡಕ್ಕೆ!’ ಎಂದು ಕಿರುಚಿದೆ.

‘ನೋಡ್ಕಳ್ಲಿ ಬುಡು. ಅದ್ಕೇಂತ ಮನೆಗ್ ಬಂದವ್ರಿಗೆ ಉಣ್ಣಕಿಕ್ದೆ ಕಳ್ಸಕ್ಕಾದದಾ? ನಾ ಏನ್ ಅಷ್ಟು ಗತಿಗೆಟ್ಟೋಗಿದ್ದೀನಾ?’

ಗತಿಗೆಟ್ಟಿದ್ದೇವೆ ಎಂದು ತೋರಿಸುವುದಕ್ಕೇ ಅಲ್ಲವೇ ನಾನು ತಿಂಗಳಿಂದ ಒದ್ದಾಡುತ್ತಿರುವುದು! ಕುರ್ಚಿಗಳನ್ನಾದರೂ ವಾಪಸ್ ಒಯ್ಯೋಣವೆಂದು ಎರಡನ್ನು ತಲೆಯ ಮೇಲೆ ಹೊತ್ತು ಬಾಗಿಲು ದಾಟುವಷ್ಟರಲ್ಲಿ ಕಾರು ಬಂದು ನಿಂತಿತು. ಇಳಿದದ್ದು ತಂಪು ಕನ್ನಡಕದ ಒಬ್ಬ ಮನುಷ್ಯ ಮತ್ತು ಟ್ಯಾಬು ಹಿಡಿದ ಒಬ್ಬ ಹೆಣ್ಣುಮಗಳು. ಕನ್ನಡಕದವನು, ‘ಅಯ್ಯೋ, ಕುರ್ಚಿ ಎಲ್ಲ ಯಾಕೆ ಹೊರಗೆ, ಒಳಗೇ ಕೂರ್ತೀವಿ ಬಿಡಿ’ ಎಂದು ನೇರ ಫ್ಯಾನಿನ ಮುಂದೆ ಹೋಗಿ ಕುಳಿತ.

ಆಕೆ ಟ್ಯಾಬಿನಲ್ಲಿ ಫ್ಯಾನಿನ ಫೋಟೊ ತೆಗೆದಳು. ಟೀಪಾಯಿಯದು ತೆಗೆದಳು. ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು. ಅಕ್ಕನ ಮನೆಯಲ್ಲಿ ನಾನೇ ಇವತ್ತಿನವರೆಗೆ ಒಂದು ಡಬ್ಬಿಯ ಮುಚ್ಚಳ ತೆಗೆದವನಲ್ಲ. ನನ್ನ ಕಿವಿ ಬಿಸಿಯಾಗತೊಡಗಿತು. ಉಸಿರೆಳೆದುಕೊಂಡೆ. ಆಮೇಲೆ ಊಟ. ಮುದ್ದೆ, ಕೋಳಿಸಾರು, ಅನ್ನ. ಕನ್ನಡಕದವನು ಚೆನ್ನಾಗಿ ಉಂಡ. ಉಣ್ಣುತ್ತಲೇ ವಿಚಾರಣೆ.

‘ಮನೆಯಲ್ಲಿ ಏನಾದ್ರೂ ಕಷ್ಟ ಇದೆಯಾ ಅಮ್ಮ?’

ರೇಷ್ಮೆ ಸೀರೆಯುಟ್ಟು ಬಡಿಸುತ್ತಿದ್ದ ಅಕ್ಕ, ‘ಏನೂ ಇಲ್ಲ ಸಾ, ದ್ಯಾವ್ರು ಚೆಂದಾಗಿ ಮಡಗವ್ನೆ’ ಅಂದಳು.

‘ಕೋಳಿ ಎಲ್ಲ ಆಗಾಗ ಮಾಡ್ತೀರಾ?’

‘ನೆಂಟ್ರು ಬಂದ್ರೆ ಮಾಡ್ದೆ ಇರಕ್ಕಾದದಾ ಸಾ? ಇನ್ನೊಂದ್ ತುಂಡು ಆಕಿಸ್ಕಳಿ.’

ಹಾಕಿಸಿಕೊಂಡ! ತಿಂದು, ಮೂಳೆ ಚೀಪಿ ತಟ್ಟೆಯಂಚಿಗಿಟ್ಟು, ಟ್ಯಾಬಿನ ಹೆಣ್ಣುಮಗಳ ಕಡೆ ನೋಡಿ ‘ಬರ್ಕೊಳಿ’ ಎಂಬಂತೆ ಕತ್ತಾಡಿಸಿದ. ಎಳೆದುಕೊಂಡ ಉಸಿರು ಅಲ್ಲಿಗೆ ನನ್ನಿಂದ ಬಿಟ್ಟುಹೋಯಿತು. ಎಂಜಲು ಕೈಯಲ್ಲೇ ಎದ್ದು ನಿಂತು ಭಾಷಣ ಶುರುಮಾಡಿದೆ. ಈ ಕುರ್ಚಿ ಡೈರಿಯದು, ಈ ಫ್ಯಾನು ಪಕ್ಕದ ಮನೆಯದು, ಈ ಸೀರೆ, ಈ ತಟ್ಟೆ ನನ್ನ ಮನೆಯವು, ಹುಂಜ ಒಂದೇ ಇವರದು, ಅದೂ ಈಗ ನಿಮ್ಮ ಹೊಟ್ಟೆಯಲ್ಲಿದೆ ಎಂದೆ. ಅಕ್ಕ ಸೌಟು ಹಿಡಿದವಳು ಹಾಗೇ ನಿಂತಳು. ‘ಮಾನ ಕಳೀಬ್ಯಾಡ ಕಣ್ಲಾ’ ಎಂದು ಮೆಲ್ಲಗೆ ಅಂದದ್ದು ಕೇಳಿಸಿತು. ಆದರೆ ನಾನು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ನಾನೂ ಸರ್ಕಾರಿ ಶಾಲೆಯ ಮೇಷ್ಟ್ರೇ ಎಂದು ಎದೆ ತಟ್ಟಿ, ವಿದ್ಯೆಯ ಮಹತ್ವ, ಸಮಾಜದ ಹೊಣೆ ಎಲ್ಲ ಹೇಳಿ, ‘ಏನೇ ಆಗಲಿ, ಈ ಮಗುವನ್ನು ಓದಿಸದೆ ನಾನು ಬಿಡುವವನಲ್ಲ!’ ಎಂದು ಮುಗಿಸಿದೆ. ಟ್ಯಾಬಿನ ಹೆಣ್ಣುಮಗಳು ಅದನ್ನು ಬಹಳ ಶ್ರದ್ಧೆಯಿಂದ ಬರೆದುಕೊಂಡಳು. ಅವಳಿಗಾದರೂ ಮನಸ್ಸು ಕರಗಿತಲ್ಲ ಅಂದುಕೊಂಡೆ.

ಸ್ವಲ್ಪ ದಿನಕ್ಕೆ ಭಾಗ್ಯಳ ಫೋನಿಗೆ ಸಂದೇಶ ಬಂತು: ಆಯ್ಕೆಯಾಗಿಲ್ಲ. ನಾನು ಅಕ್ಕನಿಗೆ ಫೋನ್ ಮಾಡಿ, ಕೋಳಿಯ ಹೆಸರೆತ್ತಿ, ಆಡಬಾರದ್ದನ್ನೆಲ್ಲ ಆಡಿದೆ. ಅವಳು ತಿರುಗಿಸಿ ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. ಮೂಗು ಸೀಟುವ ಸದ್ದು ಕೇಳಿಸಿತು, ಫೋನು ಕಟ್ಟಾಯಿತು. ಮಾರನೆಯ ದಿನ ಭಾವ ಕೊಳ್ಳೇಗಾಲಕ್ಕೆ ಬಂದು, ನಮ್ಮ ಮನೆಗೂ ಬಾರದೆ, ಬಿ.ಎಸ್ಸಿ.ಯ ಅರ್ಜಿ ತೆಗೆದುಕೊಂಡು ಹೋದರೆಂದು ಯಾರೋ ಹೇಳಿದರು.  ಆ ಕರು ಎಳೆದ ಕೈಗಳೇ ಕಣ್ಣ ಮುಂದೆ. ರಜೆ ಹಾಕಿ ಸೀದಾ ಮೈಸೂರಿನ ಆ ಟ್ರಸ್ಟಿನ ಆಫೀಸಿಗೆ ನುಗ್ಗಿದೆ.

ಅಲ್ಲಿದ್ದ ಯುವಕ ಸಭ್ಯ. ಸಭ್ಯರ ಮೇಲೆ ಕೂಗಾಡುವುದು ಬಹಳ ಕಷ್ಟದ ಕೆಲಸ, ಆದರೂ ಮಾಡಿದೆ. ‘ಉಂಡ ಮನೆಯ ಕೋಳಿಯನ್ನೇ ಅವರ ಮೇಲೆ ಸಾಕ್ಷಿ ಹಾಕಿದಿರಲ್ರೀ, ನಾಚಿಕೆಯಾಗುವುದಿಲ್ಲವೇ?’ ಎಂದೆ. ಅವನು ನೀರು ಕೊಟ್ಟು, ಕಂಪ್ಯೂಟರಿನಲ್ಲಿ ಹುಡುಕಿ, ‘ಕೋಳಿ ಬಗ್ಗೆ ಏನೂ ಇಲ್ವಲ್ಲ ಸರ್. ಕುರ್ಚಿ, ಫ್ಯಾನು ಎರವಲು ಅಂತ ಮೇಡಂ ಅವತ್ತೇ ಗುರುತು ಮಾಡಿದ್ದಾರೆ. ಕುಟುಂಬ ನೆರವಿಗೆ ಅರ್ಹ ಅಂತಲೇ ಇದೆ’ ಅಂದ.

‘ಮತ್ತೆ?’

‘ಸೋದರಮಾವ ಸರ್ಕಾರಿ ಶಾಲೆಯ ಮೇಷ್ಟ್ರು, ಅನುಕೂಲಸ್ಥರು, ಯಾರು ಕೊಡಲಿ ಬಿಡಲಿ ತಾವು ಓದಿಸದೆ ಬಿಡುವುದಿಲ್ಲ ಅಂತ ಅವರೇ ಹೇಳಿದ್ದಾರೆ ಅಂತ ಇದೆ ಸರ್. ಮಾವ ಇಲ್ಲದ ಮಗುವಿಗೆ ಅವಕಾಶ ಹೋಗಲಿ ಅಂತ...’

ಆ ನೀರು ಕುಡಿದು ಎದ್ದೆ. ಪಟ್ಟಿ ಅಂತಿಮವಾಗಿತ್ತು. ಕೊಳ್ಳೇಗಾಲದ ಬಸ್ಸಿನಲ್ಲಿ ಕುಳಿತು ಯಾರ ಮೇಲೆ ಕೋಪ ಮಾಡಿಕೊಳ್ಳುವುದೆಂದು ನರಸೀಪುರದವರೆಗೂ ಯೋಚಿಸಿದೆ. ಇದ್ದದ್ದು ನಾನೊಬ್ಬನೇ. ನನ್ನ ಮೇಲೆ ಕೋಪ ಮಾಡಿಕೊಂಡು ಅಭ್ಯಾಸವಿಲ್ಲದ ಕಾರಣ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡಿದೆ.

ಅದೇ ಸಂಜೆ ಭಾಗ್ಯ ಫೋನ್ ಮಾಡಿದಳು. ಪರಿಶೀಲನೆಯ ಮಾರನೆಯ ದಿನ ಡೈರಿಗೆ ಕುರ್ಚಿ ವಾಪಸ್ ಕೊಡಲು ಹೋದವಳು ಅಲ್ಲಿ ಗೋಡೆಗೆ ಅಂಟಿಸಿದ್ದ ಪ್ರಕಟಣೆ ಓದಿದ್ದಾಳೆ. ಹಾಲು ಹಾಕುವವರ ಮಕ್ಕಳಿಗೆ ಕಾಲೇಜು ಓದಲು ನೆರವು. ಅವತ್ತೇ ಅರ್ಜಿ ಹಾಕಿದ್ದಾಳೆ. ಬ್ಯಾಂಕಿಗೆ ತಾನೇ ಹೋಗಿ ಭಾಗ್ಯಮ್ಮನನ್ನು ಭಾಗ್ಯ ಮಾಡಿಸಿ, ಸರ್ಕಾರದ ವಿದ್ಯಾರ್ಥಿವೇತನಕ್ಕೂ ಹಾಕಿದ್ದಾಳೆ. ಡೈರಿಯದು ಮಂಜೂರಾಗಿದೆ, ಫೀಸು, ಹಾಸ್ಟೆಲಿಗೆ ಸಾಲುತ್ತದೆ.

‘ನಂಗ್ಯಾಕೆ ಹೇಳ್ಲಿಲ್ಲ ಮಗಾ?’

‘ನೀವು ಕೋಪದಲ್ಲಿದ್ರಿ ಮಾವ’ ಅಂದಳು. ಆಮೇಲೆ, ‘ಡೈರಿಯವ್ರು ಯಾರೂ ಡಬ್ಬಿ ಮುಚ್ಳ ತೆಗ್ದು ನೋಡ್ಲಿಲ್ಲ. ಅವ್ವ ದಿನಾ ಎಷ್ಟು ಆಲು ಆಕ್ತಾಳೆ ಅಂತ ಕೇಳುದ್ರು, ಅಷ್ಟೆಯ. ಅವ್ವಂಗೆ ಏನು ಕುಸಿ ಗೊತ್ತಾ?’ ಅಂದಳು.

ಹಾಸನಕ್ಕೆ ಸೇರಿಸಲು ಎಲ್ಲರೂ ಹೋದೆವು. ಅಕ್ಕ ನನ್ನ ಹೆಂಡತಿಯ ಅದೇ ಸೀರೆ ಉಟ್ಟಿದ್ದಳು, ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದಳು. ಹಾಸ್ಟೆಲಿನ ಕಚೇರಿಯಲ್ಲಿ ಸಾಲು. ನಮ್ಮ ಹಿಂದೆ ಕಾರಿನ ಕೀ ತಿರುಗಿಸುತ್ತಾ ಒಬ್ಬರು ನಿಂತಿದ್ದರು. ಗುಮಾಸ್ತರು ಭಾಗ್ಯಳ ಕಾಗದ ನೋಡುತ್ತಾ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ, ‘ಮನೆ ಕಡೆ ಸ್ಥಿತಿ ಹೇಗೆ? ತುಂಬಾ ಕಷ್ಟವಾ?’ ಅಂದರು. ಕೀ ತಿರುಗುವುದು ನಿಂತಿತು. ನನಗೆ ಏನಾಯಿತೋ ಗೊತ್ತಿಲ್ಲ, ಕಾಲರ್ ಸರಿಮಾಡಿಕೊಂಡು, ‘ಕಷ್ಟ ಏನ್ರೀ ಕಷ್ಟ? ಅನುಕೂಲವಾಗಿಯೇ ಇದ್ದೇವೆ, ಬರ್ಕೊಳ್ಳಿ!’ ಎಂದುಬಿಟ್ಟೆ.

ಅಕ್ಕ ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಬಾಯಿತುಂಬ ನಕ್ಕಳು. ಭಾಗ್ಯ ಮಾತ್ರ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು ಹಿಂದಕ್ಕೆಳೆದು, ಕಿವಿಯಲ್ಲಿ ಹೇಳಿದಳು: ‘ಮಾವ, ವಸಿ ಬಾಯ್ ಮುಚ್ಕಂಡು ನಿಂತ್ಕಳಿ. ಅದು ಮೆಸ್ ರಿಯಾಯ್ತಿ ಅರ್ಜಿ.’