ಮಲಪ್ರಭೆಯ ಕೂಳಿಗಳೂ ನಮ್ಮ ಫಜೀತಿಗಳೂ

ಹೊಳೆಯಲ್ಲಿ ಕೂಳಿ ಇಟ್ಟರೆ ಏಡಿ ಬೀಳುತ್ತದೆ, ಮೀನು ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಾನು ಇಟ್ಟ ಕೂಳಿಯಲ್ಲಿ ನಾನೇ ಬಿದ್ದದ್ದು ಹೆಚ್ಚು. ವಾರಕ್ಕೊಂದಾದರೂ ಏನೋ ಒಂದು ಆಗುತ್ತಲೇ ಇರುತ್ತದೆ.

ನಾನು ಹೊಳೆಮಣ್ಣೂರಿನವನು. ಮಲಪ್ರಭೆ ನಮ್ಮ ಹಿತ್ತಲಿನ ಆಚೆ ಹರಿಯುತ್ತಾಳೆ. ಸಿಟ್ಟು ಬಂದರೆ ಹಿತ್ತಲು ದಾಟಿ ಅಡುಗೆಮನೆಗೂ ಬರುತ್ತಾಳೆ. ದಂಡೆಯ ನೀರಿನಲ್ಲಿ ಕೂಳಿ ಇಟ್ಟು, ಬಿದ್ದದ್ದನ್ನು ಮಾರಿ ಬದುಕುವವನು ನಾನು. ಕೂಳಿ ಅಂದರೆ ಬಿದಿರಿನ ಕಡ್ಡಿಯಿಂದ ಹೆಣೆದ ಉದ್ದನೆಯ ಬುಟ್ಟಿ. ಬಾಯಿ ಅಗಲ, ಗಂಟಲು ಸಣ್ಣದು. ಒಳಗೆ ಹೋದದ್ದು ತಿರುಗಿ ಹೊರಗೆ ಬರಲಾರದು. ನನ್ನ ಹೆಂಡತಿ ಇದನ್ನು ತವರಿನವರಿಗೆ ತಿಳಿಸಿ ಹೇಳುವಾಗ, "ಥೇಟ್ ನನ್ನ ಮದುವಿ ಇದ್ದಂಗ" ಅನ್ನುತ್ತಾಳೆ.

ಇನ್ನೊಬ್ಬರ ಪರಿಚಯ ಮಾಡಿಕೊಡಬೇಕು. ಅವರು ನಮ್ಮ ಚಾಚಾ. ಊರಲ್ಲಿ ಡಬ್ಬಿ, ಬಕೀಟುಗಳಿಗೆ ಬೆಸುಗೆ ಹಾಕುವ ಅಂಗಡಿ ಇಟ್ಟವರು. ನಮಗೂ ಅವರಿಗೂ ರಕ್ತಸಂಬಂಧವಿಲ್ಲ. ನನ್ನ ಅಪ್ಪ ತೀರಿಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತು ನನ್ನನ್ನು ಬೈಯಲು ಒಬ್ಬರು ಬೇಕಾಗಿತ್ತು. ಆ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡರು. ಇವತ್ತಿಗೂ ಒಂದು ದಿನ ರಜೆ ಹಾಕಿಲ್ಲ.

ಭದ್ರವಾದ ಕೂಳಿ

ಒಂದು ಸಲ ಆಮೆಯೊಂದು ನುಗ್ಗಿ ನನ್ನ ಕೂಳಿಯ ಕಡ್ಡಿಗಳನ್ನೆಲ್ಲ ಮುರಿದು ಹಾಕಿತು. ಹಿಡಿದ ಮೀನೆಲ್ಲ ಹೊಳೆಗೆ ವಾಪಸು. ಚಾಚಾಗೆ ಸಿಟ್ಟು ಬಂತು.

"ಬಿದಿರಿಗೆ ಏನ ದಮ್ಮ ಐತಿ? ನಾನು ತಂತಿದು ಮಾಡಿಕೊಡ್ತೀನಿ. ಆನಿ ಬಂದು ತುಳಿದ್ರೂ ಒಳಗಿಂದು ಹೊರಗ ಬರಬಾರದು, ಹಂಗ ಮಾಡ್ತೀನಿ" ಅಂದರು.

ಅಂಗಡಿಯ ಕೆಲಸ ಬಿಟ್ಟು ಕುಳಿತು ಮಾಡಿಕೊಟ್ಟರು. ನೋಡಲು ಬಹಳ ಚೆಂದ. ನೀರಿಗೆ ಬಿಟ್ಟೆ. ಮರುದಿನ ಎತ್ತಿದರೆ ಖಾಲಿ. ಜಾಗ ಬದಲಿಸಿದೆ, ಖಾಲಿ. ಕೋಳಿಯ ಕರುಳು ಕಟ್ಟಿದೆ, ಕಟ್ಟಿದ ಕರುಳು ಕಟ್ಟಿದ ಹಾಗೇ ಇತ್ತು. ಕಡೆಗೆ ಚಾಚಾನನ್ನೇ ದಂಡೆಗೆ ಕರೆದುಕೊಂಡು ಹೋಗಿ, ಇಬ್ಬರೂ ಕೂಳಿಯನ್ನು ಬಿಸಿಲಿಗೆ ಹಿಡಿದು ನೋಡಿದೆವು. ಗಂಟಲಿನ ತಂತಿಗಳನ್ನು ಅವರು ಎಷ್ಟು ಒತ್ತೊತ್ತಾಗಿ ಬಗ್ಗಿಸಿದ್ದರೆಂದರೆ ನನ್ನ ಕಿರುಬೆರಳು ಕೂಡ ಒಳಗೆ ಹೋಗಲಿಲ್ಲ.

"ಚಾಚಾ, ಇದರಾಗ ಒಳಗ ಹೋಗಾಕನ ದಾರಿ ಇಲ್ಲಲ್ರಿ."

ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಮ್ಮೆ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು: "ಅದಿರ್ಲಿ. ನೀ ಖರೇ ಹೇಳು, ಒಂದ ಏಡಿ ಆದ್ರೂ ತಪ್ಪಿಸಿಕೊಂಡು ಹೋಗೈತೇನ?"

ಗಜೇಂದ್ರಗಡದ ಪೊಟ್ಟಣ

ನೀರಿನಿಂದ ಎತ್ತಿದಾಗ ಎಲ್ಲರ ಕೂಳಿಗಳೂ ಒಂದೇ ತರಹ ಕಾಣುತ್ತವೆ. ನನ್ನವಕ್ಕೆ ಒಂದು ಗುರುತು ಇರಲಿ ಅಂತ ಬಣ್ಣದ ನೂಲು ಕಟ್ಟಬೇಕೆಂದುಕೊಂಡೆ. ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವ ಗೆಳೆಯನೊಬ್ಬನಿದ್ದಾನೆ. ಅವನ ಮನೆಯಲ್ಲಿ ನೇಯ್ದು ಉಳಿದ ತುಂಡು ನೂಲು ರಾಶಿ ಬಿದ್ದಿರುತ್ತದೆ. ಬೆಳಿಗ್ಗೆ ಹೊರಡುವಾಗ ಹೆಂಡತಿಗೆ, "ಗಜೇಂದ್ರಗಡಕ್ಕ ಹೋಗಿ ಬರ್ತೀನಿ, ನೇಕಾರ ಗೆಳ್ಯಾನ ಮನಿಗೆ" ಅಂತಷ್ಟೇ ಹೇಳಿದೆ.

ಸಂಜೆ ಬಂದು ನೋಡಿದರೆ ಬಾಗಿಲಲ್ಲಿ ರಂಗೋಲಿ, ಒಲೆಯ ಮೇಲೆ ಬದನೆಕಾಯಿ ಎಣ್ಣೆಗಾಯಿ, ಬುಟ್ಟಿಯಲ್ಲಿ ಬಿಸಿ ರೊಟ್ಟಿ. ಹೆಂಡತಿ ತಲೆಗೆ ಹೂವು ಮುಡಿದಿದ್ದಳು. ಇವತ್ತೇನು ಹಬ್ಬ ಅಂತ ನಾನು ಯೋಚಿಸುತ್ತಿರುವಾಗಲೇ ಕೈಯಲ್ಲಿದ್ದ ಪೊಟ್ಟಣ ಇಸಿದುಕೊಂಡು ಬಿಚ್ಚಿದಳು. ಒಳಗೆ ಕೆಂಪು, ಹಸಿರು, ಹಳದಿ ನೂಲಿನ ಉಂಡೆಗಳು.

"ಇದೇನ್ರಿ?"

"ಕೂಳಿಗೆ ಕಟ್ಟಾಕ."

ಅವಳು ಉಂಡೆಗಳನ್ನು ಒಂದೊಂದಾಗಿ ಮತ್ತೆ ಪೊಟ್ಟಣಕ್ಕೆ ಹಾಕಿದಳು. "ಬಣ್ಣ ಚಲೋ ಅದಾವ" ಅಂದಳು. ಅಷ್ಟೇ. ಎಣ್ಣೆಗಾಯಿ ಬಡಿಸಿದಳು, ನಾನು ತಿಂದೆ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಮರುದಿನ ನಾನು ಸಂತೆಯಿಂದ ಬರುವಷ್ಟರಲ್ಲಿ ಅವಳು ಅಷ್ಟೂ ಕೂಳಿಗಳಿಗೆ ಸೀರೆಯ ಸೆರಗಿಗೆ ಹಾಕುವಂತಹ ಗೊಂಡೆಗಳನ್ನು ಕಟ್ಟಿ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ದಾರಿಯಲ್ಲಿ ಹೊರಟಿದ್ದ ಚಾಚಾ ನಿಂತುಬಿಟ್ಟರು.

"ಏನ ಬೇಟಿ ಇದು, ಮದಲಗಿತ್ತ್ಯಾರನ್ನ ಸಾಲಾಗಿ ಕುಂದರಿಸಿದಂಗೈತಿ!"

"ಏನ್ಮಾಡೂದ್ರಿ ಚಾಚಾ, ಹೆಂಡ್ತಿಗಂತೂ ಉಡಸಲಿಲ್ಲ. ಏಡಿಗರೆ ಉಡಸ್ಲಿ ಅಂದೆ."

ಆಗ ನನಗೆ ತಿಳಿಯಿತು. ಚಾಚಾ ನನ್ನನ್ನು ಬೈಯಲು ಬಾಯಿ ತೆರೆಯುವುದರೊಳಗೆ ಗಜೇಂದ್ರಗಡದ ಬಸ್ಸು ಹಿಡಿಯಲು ಓಡಿದೆ. ಗೆಳೆಯನ ಮಗ್ಗದಿಂದ ಆಗಷ್ಟೇ ಇಳಿದಿದ್ದ, ಕೆಂಪು ಅಂಚಿನ ಹಸಿರು ಸೀರೆ ತಂದುಕೊಟ್ಟೆ. ಅವಳು ಮಡಿಕೆ ಬಿಚ್ಚಿದಳು, ಕೆನ್ನೆಗೆ ಒತ್ತಿಕೊಂಡಳು, ಕಣ್ಣೊರೆಸಿಕೊಂಡಳು. ಆಮೇಲೆ ಸೆರಗಿನ ತುದಿ ಹಿಡಿದು ಅಂದಳು: "ಇದಕ್ಕ ಗೊಂಡೆ ಹಾಕಾಕ ನೂಲು ಇಲ್ರಿ. ಎಲ್ಲಾ ಏಡಿಗೆ ಮುಗದೈತಿ."

ಬಾಣಂತಿಯ ಮನೆ

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೂಳಿಗಳು ಹೇಳದೆ ಕೇಳದೆ ಹೊರಟುಹೋಗುತ್ತವೆ. ನೀರು ಇಳಿದ ಮೇಲೆ ನಾನೂ ಚಾಚಾನೂ ದಂಡೆಗುಂಟ ಹುಡುಕುತ್ತಾ ಹೋಗುತ್ತೇವೆ. ಒಂದು ಜಾಲಿಯ ಮುಳ್ಳಿನಲ್ಲಿ, ಒಂದು ಕೆಸರಿನಲ್ಲಿ, ಒಂದು ಯಾರದೋ ಕಬ್ಬಿನಲ್ಲಿ ಸಿಗುತ್ತದೆ.

ಹಾಗೆ ಹೋದಾಗ ಕೆಳಗಿನ ಒಂದು ಹೊಲದ ಮನೆಯ ಮುಂದೆ, ಸಪ್ಪರದ ಕೆಳಗೆ ಕೆಂಪು ಗೊಂಡೆ ಕಂಡಿತು. ನನ್ನದೇ ಕೂಳಿ. ಗಂಟಲಿನ ಕಡ್ಡಿಗಳು ಮುರಿದುಹೋಗಿದ್ದವು. ಒಳಗೆ ಹುಲ್ಲಿನ ಮೇಲೆ ಒಂದು ಕೋಳಿ ಕಾವಿಗೆ ಕುಳಿತಿತ್ತು.

ಮನೆಯ ಮುದುಕಿ ಹೊರಗೆ ಬಂದಳು.

"ಯವ್ವಾ, ಇದು ನಂದ್ರಿ" ಅಂದೆ.

"ಯಾವುದಪ್ಪಾ, ಕೋಳಿ?"

"ಕೋಳಿ ಅಲ್ರಿ, ಅದು ಕುಂತಿರೂ ಕೂಳಿ."

"ಇದ್ದೀತಪ್ಪಾ, ನಿಂದ ಇದ್ದೀತು. ಆದ್ರ ತತ್ತಿ ಮ್ಯಾಲ ಕುಂತೈತಲ್ಲ. ಬಾಣಂತಿನ್ನ ಯಾರರೆ ಮನಿ ಬಿಡಸ್ತಾರೇನ?"

ಮುದುಕಿ ಕೊಟ್ಟ ಮಜ್ಜಿಗೆ ಕುಡಿದು ಬಂದೆವು. ಮತ್ತೆ ಹೋದೆವು, ಮತ್ತೆ ಮಜ್ಜಿಗೆ. ಚಾಚಾ ಬರುಬರುತ್ತಾ ಕೂಳಿಯ ವಿಷಯವನ್ನೇ ಮರೆತು, "ಆಕಿ ಇವತ್ತು ಹ್ಯಾಂಗದಾಳ, ಸರಿಯಾಗಿ ತಿಂತಾಳೇನು?" ಅಂತ ಕೋಳಿಯನ್ನು ವಿಚಾರಿಸಲು ಶುರುಮಾಡಿದರು. ಅಂಗಿಯ ಕಿಸೆಯಲ್ಲಿ ಸಜ್ಜೆ ತುಂಬಿಕೊಂಡು ಬರುತ್ತಿದ್ದರು.

ಕಡೆಗೊಮ್ಮೆ ಮುದುಕಿ ದೂರದಿಂದಲೇ ಕೈಬೀಸಿ ಕರೆದಳು. ಮರಿಗಳು ಹೊರಬಂದಿದ್ದವು. ಕೂಳಿ ನಮ್ಮ ಕೈಗಿತ್ತು, ಬರಿಗೈಲಿ ಕಳಿಸಬಾರದೆಂದು ಅದರೊಳಗೆ ಒಂದು ಜೋಡಿ ಮರಿಗಳನ್ನೂ ಬಿಟ್ಟಳು. ಚಾಚಾ ದಾರಿಯುದ್ದಕ್ಕೂ ಮೊಮ್ಮಕ್ಕಳನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಂದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೂಳಿಯೊಳಗೆ ಬಗ್ಗಿ ನೋಡಿದಳು. "ಹೊಳಿಯಾಗ ಇಟ್ರ ಕೋಳಿ ಬಿದ್ದೈತಿ. ನಾಳೆ ಹೊಲದಾಗ ಇಟ್ಟು ನೋಡ್ರಿ, ಎಮ್ಮಿ ಬಿದ್ರೂ ಬಿದ್ದೀತು."

ಸಾಲೆಯಲ್ಲಿ ಸಾಹೇಬರು

ಇನ್ನೊಂದು ಮಳೆಗಾಲದಲ್ಲಿ ಹೊಳೆ ಊರೊಳಗೇ ಬಂತು. ಊರು ಬಿಡಿರೆಂದು ಡಂಗುರ ಸಾರಿದಾಗ ನಾನು ಕೂಳಿ ಎತ್ತಿಕೊಂಡು ಆಗಷ್ಟೇ ಮನೆಗೆ ಬಂದಿದ್ದೆ. ಬಿಚ್ಚಿ ಖಾಲಿ ಮಾಡಲು ಪುರುಸೊತ್ತಿರಲಿಲ್ಲ. ಹೆಂಡತಿ ರೊಟ್ಟಿಯ ಹಂಚು ಹಿಡಿದುಕೊಂಡಳು, ಮಗಳು ಪುಸ್ತಕ ಹಿಡಿದುಕೊಂಡಳು, ನಾನು ಕೂಳಿ ಹಿಡಿದುಕೊಂಡೆ. ಟ್ರ್ಯಾಕ್ಟರ್ ಹತ್ತಿ ದಿಬ್ಬದ ಮೇಲಿನ ಸಾಲೆಗೆ ಹೋದೆವು. ಕೂಳಿಯನ್ನು ಮೂಲೆಯಲ್ಲಿಟ್ಟು ಮೇಲೊಂದು ಗೋಣಿಚೀಲ ಹೊದಿಸಿದೆ.

ಯಾರ ಗೋಡೆ ನಿಂತಿದೆ, ಯಾರದು ಬಿದ್ದಿದೆ ಗೊತ್ತಿಲ್ಲ. ನಮ್ಮ ಓಣಿಯ ಹಿರಿಯಜ್ಜಿಯೊಬ್ಬಳು ಮನೆ ಬಿಟ್ಟಾಗಿನಿಂದ ಬಾಯಿಯೇ ಬಿಚ್ಚಿರಲಿಲ್ಲ. ಅವಳ ಸೊಸೆ ತುತ್ತು ಹಿಡಿದು ಉಣ್ಣು ಅಂದರೂ ಮುಖ ತಿರುಗಿಸುತ್ತಿದ್ದಳು.

ಮಧ್ಯಾಹ್ನ ತಾಲೂಕು ಕಚೇರಿಯ ಸಾಹೇಬರೊಬ್ಬರು ನಮ್ಮನ್ನು ನೋಡಲು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಮೊಣಕಾಲಿನವರೆಗೂ ಕೆಸರು ಮಾಡಿಕೊಂಡೇ ಬಂದಿದ್ದರು. ನಡುವೆ ನಿಂತು ಹೇಳಿದರು: "ಯಾರೂ ಹೆದರಬೇಡಿ. ಧೈರ್ಯವಾಗಿರಿ. ನಾವೆಲ್ಲ ನಿಮ್ಮ ಜೊತೆಗಿದ್ದೇವೆ."

ಆ ಹೊತ್ತಿಗೆ ಸರಿಯಾಗಿ ಗೋಣಿಚೀಲ ಅಲುಗಾಡಿತು. ಟ್ರ್ಯಾಕ್ಟರಿನ ಕುಲುಕಾಟಕ್ಕೆ ಕೂಳಿಯ ಕಡ್ಡಿ ಮುರಿದಿತ್ತೇನೋ, ದೊಡ್ಡದೊಂದು ಏಡಿ ಹೊರಗೆ ಬಂದು, ಅಡ್ಡಡ್ಡ ನಡೆಯುತ್ತಾ, ಅಷ್ಟು ಜನರನ್ನು ಬಿಟ್ಟು ನೆಟ್ಟಗೆ ಸಾಹೇಬರ ಕಡೆಗೇ ಹೊರಟಿತು. ಅದರ ಹಿಂದೆ ಇನ್ನೊಂದು. ಸಾಹೇಬರು ಮೊದಲು ಕುರ್ಚಿ ಹತ್ತಿದರು. ಏಡಿ ಕುರ್ಚಿಯ ಕಾಲಿಗೆ ಬಂತು. ಸಾಹೇಬರು ಕುರ್ಚಿಯಿಂದ ಮೇಜು ಹತ್ತಿದರು. ಅವರ ಜೊತೆಗೆ ಬಂದವರು ಆಗಲೇ ಬಾಗಿಲ ಹೊರಗೆ ಓಡಿದ್ದರು.

ನಗಬಹುದೋ ಬಾರದೋ ಯಾರಿಗೂ ತಿಳಿಯಲಿಲ್ಲ. ಆಗ ಮೂಲೆಯಿಂದ ಹಿರಿಯಜ್ಜಿಯ ದನಿ ಕೇಳಿಸಿತು:

"ಹೆದರಬ್ಯಾಡ್ರಿ ಸಾಹೇಬ್ರ. ಧೈರ್ಯದಿಂದ ಇರ್ರಿ. ನಾವೆಲ್ಲಾ ನಿಮ್ಮ ಜೋಡಿ ಅದೀವಿ!"

ಬೀಗರ ಊಟ

ಕಡೆಯದು ಮಗಳ ಮದುವೆಯ ಮಾತು. ನರಗುಂದದ ಮನೆತನ, ಹುಡುಗನ ತಂದೆಗೆ ಅಲ್ಲಿ ಟೈರಿನ ಅಂಗಡಿ. ಹೆಣ್ಣು ನೋಡಿ ಹೋಗಿದ್ದರು, ಉತ್ತರ ಮಾತ್ರ ಬಂದಿರಲಿಲ್ಲ. ಮಗಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನನ್ನ ಫೋನು ರಿಂಗಾದರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದಳು.

ಒಂದು ದಿನ ನಡುಮಧ್ಯಾಹ್ನ ಹುಡುಗನ ತಂದೆ ಒಬ್ಬರೇ ಬಂದುಬಿಟ್ಟರು. "ರೋಣಕ್ಕ ಬಂದಿದ್ದೆ, ಹಂಗ ಮಾತಾಡಿಸಿ ಹೋಗೂಣು ಅಂತ" ಅಂದರು. ಊಟದ ಹೊತ್ತು. ಮನೆಯಲ್ಲಿ ಇದ್ದದ್ದು ರೊಟ್ಟಿ ಮತ್ತು ಏಡಿಯ ಸಾರು. ನಡೀತದೇನ್ರಿ ಅಂತ ಕೇಳಿದೆ. "ಅದಕ್ಕೇನ್ರಿ, ಎಲ್ಲಾ ನಡೀತೈತಿ" ಅಂದರು. ಕೋಳಿ, ಕುರಿ ಉಂಡವರು; ಆದರೆ ಏಡಿಯನ್ನು ಕಂಡವರೇ ಅಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಮಗಳು ತಾಟಿಗೆ ಬಡಿಸಿದಳು. ಬೀಗರು ಏಡಿಯ ದೊಡ್ಡ ಇಕ್ಕಳಗಾಲೊಂದನ್ನು ಎತ್ತಿ, ಚಿಪ್ಪು ಒಡೆಯದೆ ಹಾಗೆಯೇ ಬಾಯಿಗೆ ಇಟ್ಟುಕೊಂಡರು. *ಕಟ್* ಅಂತ ಸಪ್ಪಳ ಬಂತು.

ಮಗಳು ಏನೋ ಹೇಳಹೊರಟಳು, ಹೆಂಡತಿ ಅವಳ ಕೈ ಹಿಡಿದಳು. ಇಬ್ಬರೂ ನನ್ನ ಮುಖ ನೋಡಿದರು. ನಾನೇನು ಮಾಡಲಿ? ಹಿಂಗಲ್ರಿ ತಿನ್ನೂದು ಅಂದರೆ ದೊಡ್ಡವರಿಗೆ ಅವಮಾನ, ಅದೂ ಹುಡುಗಿಯ ಎದುರಿಗೆ. ನಾನೊಂದು ಕಾಲು ಎತ್ತಿಕೊಂಡೆ, ಚಿಪ್ಪಿನ ಸಮೇತ ಬಾಯಿಗೆ ಹಾಕಿ ಅಗಿಯಲು ಶುರುಮಾಡಿದೆ. *ಕಟ್, ಕಟ್.* ಇಬ್ಬರೂ ಒಬ್ಬರಿಗೊಬ್ಬರು ನಗುತ್ತಾ ಜಲ್ಲಿ ಅಗಿದಂತೆ ಅಗಿದೆವು.

ಅಷ್ಟರಲ್ಲಿ ಚಾಚಾ ಬಂದರು. ಹೊಸಿಲಲ್ಲೇ ನಿಂತು, "ಏ, ನಿನಗೇನ ಬಂತೋ? ಚಿಪ್ಪ ಯಾಕ ತಿನ್ನಾಕ ಹತ್ತೀ?" ಅಂದರು.

"ಚಿಪ್ಪಿನ್ಯಾಗನ ಶಕ್ತಿ ಇರ್ತೈತ್ರಿ ಚಾಚಾ" ಅಂದೆ, ಕಣ್ಣಿನಲ್ಲೇ ಬೇಡಿಕೊಳ್ಳುತ್ತಾ.

ಚಾಚಾ ಬೀಗರನ್ನು ನೋಡಿದರು, ಮಗಳ ಮುಖ ನೋಡಿದರು. "ಹೌದ್ ಹೌದು. ಎಲುವಿಗೆ ಭಾಳ ಚಲೋ" ಅಂದು ಮೇಲೆ ನೋಡುತ್ತಾ ಕುಳಿತರು.

ಬೀಗರು ಕೈತೊಳೆದರು. ಹೊರಡುವಾಗ ದವಡೆ ಸವರಿಕೊಳ್ಳುತ್ತಾ ನಿಂತು ಅಂದರು: "ಹುಡುಗಿ ನಮಗ ಒಪ್ಪಿಗಿ ಐತ್ರಿ. ನನ್ನ ಮಗನ ಹಲ್ಲೂ ಗಟ್ಟಿ ಅದಾವ, ಹ್ಯಾಂಗೋ ಬಾಳೇವು ಮಾಡ್ತಾನ."

ಬಾಗಿಲ ಹಿಂದೆ ಬಳೆಗಳು ಸದ್ದು ಮಾಡಿದವು.

ಮದುವೆಯಾಯಿತು. ಪಂಚಮಿ ಹಬ್ಬಕ್ಕೆ ಮಗಳನ್ನು ತವರಿಗೆ ಬಿಟ್ಟುಹೋಗಲು ಬೀಗರೇ ಬಂದರು. ಮತ್ತೆ ಏಡಿಯ ಸಾರು. ಈ ಸಲ ಹೆಂಡತಿ ಜಾಣತನ ಮಾಡಿ, ಚಿಪ್ಪು ಒಡೆದು ಬರೀ ಮಾಂಸ ಬಿಡಿಸಿ ಬಡಿಸಿದಳು. ಬೀಗರು ತಾಟು ನೋಡಿದರು, ನನ್ನನ್ನು ನೋಡಿದರು, ದೊಡ್ಡದಾಗಿ ನಕ್ಕುಬಿಟ್ಟರು.

"ಬೀಗರ, ಅವತ್ತ ಒಂದ ಸಲ ಕಡದ ಕೂಡ್ಲೇ ನನಗ ಗೊತ್ತಾಗಿತ್ರಿ, ಇದು ತಿನ್ನೂದಲ್ಲ ಅಂತ. ಉಗಳಬೇಕಂತ ನೋಡಿದ್ರ ಎದುರಿಗೆ ನೀವೂ ಅಗಿಯಾಕ ಹತ್ತಿದ್ರಿ! ಇವರ ಮನ್ಯಾಗ ಹಿಂಗ ತಿಂತಾರೇನೋ, ಉಗುಳಿ ಹೆಣ್ಣಿನ ತಂದಿ ಮರ್ಯಾದಿ ಯಾಕ ಕಳೀಲಿ ಅಂತ ನಾನೂ ನುಂಗಿದೆ."

ನಾನು ಬಾಯಿ ತೆರೆದುಕೊಂಡು ಕುಳಿತೆ. ಮಗಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಹೆಂಡತಿ ಸಾರಿನ ಸೌಟು ಕೆಳಗಿಟ್ಟು ಕೈಮುಗಿದಳು:

"ಪುಣ್ಯಕ್ಕ ಅವತ್ತು ಸಾರು ಲಗೂನ ತೀರಿತು. ಇಲ್ಲಾಂದ್ರ ಇವರಿಬ್ಬರೂ ಒಬ್ಬರ ಮರ್ಯಾದಿ ಒಬ್ಬರು ಕಾಯಾಕ ಹೋಗಿ ನನ್ನ ತಾಟೂ ತಿಂದು ಏಳ್ತಿದ್ರು!"