ದಮ್ಮಾಮಿಗೆ ಒಂದು ಸೊನ್ನೆ ಹೆಚ್ಚು

ತಾಳ್ಮೆ ಇಲ್ಲದವನಿಗೆ ದೇವರು ಏನು ಬೇಕಾದರೂ ಕೊಡಲಿ, ಟೆಲಿಫೋನು ಮಾತ್ರ ಕೊಡಬಾರದು. ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಕೊಪ್ಪಳದಿಂದ ಬರುವ ಬಸ್ಸು ಗಂಗಾವತಿಯ ಮೊದಲ ಭತ್ತದ ಗದ್ದೆ ಕಾಣುವ ಮುಂಚೆಯೇ ಎದ್ದು, ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತುಬಿಡುತ್ತೇನೆ. ನಾನು ನಿಂತದ್ದರಿಂದ ಬಸ್ಸು ಬೇಗ ಮುಟ್ಟಿದ ಉದಾಹರಣೆ ಇಲ್ಲ. ಕಂಡಕ್ಟರ್ ಬೈದ ಉದಾಹರಣೆಗಳು ಬೇಕಾದಷ್ಟಿವೆ. ಇಂಥವನ ಗಂಗಾವತಿಯ ಮನೆಗೆ ಎಂಬತ್ತರ ದಶಕದ ಕೊನೆಯಲ್ಲಿ ಒಂದು ಕಪ್ಪು ಫೋನು ಬಂದು ಕೂತಿತು. ಬೆರಳಿಟ್ಟು ತಿರುಗಿಸುವ ಫೋನು. ಒಂದನ್ನು ತಿರುಗಿಸಿದರೆ ಟಕ್ಕೆಂದು ಮರಳುತ್ತದೆ. ಸೊನ್ನೆಯನ್ನು ತಿರುಗಿಸಿದರೆ ಎಲ್ಲ ಅಂಕಿಗಳ ಮನೆಗೂ ಹೋಗಿ ಚಹಾ ಕುಡಿದು ಬಂದ ಹಾಗೆ ನಿಧಾನವಾಗಿ ಕರಕರ ಎನ್ನುತ್ತ ಮರಳುತ್ತದೆ. ಪರವೂರಿಗೆ ಮಾತಾಡಬೇಕಾದರೆ ಮೊದಲು ಒಂದು ಸೊನ್ನೆ, ಪರದೇಶಕ್ಕಾದರೆ ಎರಡು. ಅಂದರೆ ದೂರ ಹೆಚ್ಚಿದಷ್ಟೂ ನನ್ನ ಸಂಕಟ ಹೆಚ್ಚು.

ಹಾಗೆ ನೋಡಿದರೆ ಮೊದಲಿನ ಕಾಲವೇನೂ ಸುಖದ್ದಲ್ಲ. ನಾನು ಹುಟ್ಟಿ ಬೆಳೆದದ್ದು ಯಲಬುರ್ಗಾದಲ್ಲಿ. ಅಲ್ಲಿ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ, ಲೈನು ಸಿಗುವವರೆಗೆ ಗೋಡೆಗೆ ಒರಗಿ ಕೂರಬೇಕಿತ್ತು. ನಮ್ಮ ಸೋದರಮಾವ ಒಮ್ಮೆ ರಾಯಚೂರಿನ ಬೀಗರಿಗೆ ಕಾಲ್ ಬುಕ್ ಮಾಡಿದವನು, ಕಾದು ಕಾದು ಸಿಟ್ಟಾಗಿ, ಬಸ್ಸು ಹತ್ತಿ ರಾಯಚೂರಿಗೇ ಹೋದ. ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಫೋನಿನ ಗಂಟೆ ಬಡಿಯಿತಂತೆ. ಇವನೇ ಎತ್ತಿದ. "ಯಲಬುರ್ಗಾದಿಂದ ಕಾಲ್ ಐತ್ರಿ, ಆದ್ರ ಮಾತಾಡೋರು ಇಲ್ಲಿ ಕಾಣವಲ್ರು" ಎಂದರಂತೆ ಅಂಚೆ ಕಚೇರಿಯವರು. "ಕಾಣಾಂಗಿಲ್ಲ ಬಿಡ್ರಿ, ಇಲ್ಲಿ ಹೋಳಿಗಿ ತಿನ್ನಾಕತ್ಯಾರ" ಎಂದು ಮಾವ ಫೋನಿಟ್ಟನಂತೆ. ಅವಸರ ನಮ್ಮ ವಂಶದ್ದೇ ಆಸ್ತಿ.

ನನ್ನ ಫೋನಿಗೆ ಪರದೇಶದ ಸೌಲಭ್ಯವೂ ಇತ್ತು. ರಾಯಚೂರಿನಿಂದಾಚೆ ನಮಗೆ ನೆಂಟರೇ ಇಲ್ಲ. ಆದರೂ ಅರ್ಜಿ ತುಂಬುವಾಗ ಅವಸರದಲ್ಲಿ ಕೇಳಿದ್ದಕ್ಕೆಲ್ಲ 'ಹೌದು' ಎಂದು ಬರೆದಿದ್ದೆ. ಬಂದ ಮೇಲೆ ಸುಮ್ಮನಿರುವುದುಂಟೆ? ನಾನು ಹೈಸ್ಕೂಲಿನ ಭೂಗೋಳದ ಮಾಸ್ತರ. ಡೈರೆಕ್ಟರಿಯ ಮುಂದಿನ ಪುಟಗಳಲ್ಲಿದ್ದ ದೇಶಗಳ ಕೋಡುಗಳನ್ನು ಬಾಯಿಪಾಠ ಮಾಡಿದೆ. ಅಮೆರಿಕ, ಹಾಜರಿಯಲ್ಲಿ ಮೊದಲ ಹೆಸರಿನ ಹುಡುಗನ ಹಾಗೆ, ಒಂದು ಎಂಬುದನ್ನು ತಾನೇ ಹಿಡಿದುಕೊಂಡು ಕೂತಿದೆ. ನಾವು ತೊಂಬತ್ತೊಂದು, ಪಾಕಿಸ್ತಾನ ತೊಂಬತ್ತೆರಡು. ಜಗಳವಾಡುವವರನ್ನೇ ಒಂದೇ ಬೆಂಚಿನಲ್ಲಿ ಕೂರಿಸಿದ್ದಾರೆ. ಕುವೈತ್ ಒಂಬತ್ತು ಆರು ಐದು, ಸೌದಿ ಒಂಬತ್ತು ಆರು ಆರು. ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ, ಸಹೋದ್ಯೋಗಿಗಳು ನನ್ನನ್ನು ಕಂಡರೆ ಕಾಪಿ ತಿದ್ದುವುದಕ್ಕೆ ಓಡುವಂತಾಯಿತು. ಆದರೆ ಓಣಿಯಲ್ಲಿ ಹೆಸರಾಯಿತು. ಆ ಹೆಸರು ಕೇಳಿಕೊಂಡೇ ಎದುರು ಮನೆಯ ರಹಮತ್‌ಬಿ ಒಂದು ಸಂಜೆ ಬಂದಳು.

ರಹಮತ್‌ಬಿಯ ಗಂಡ ಹುಸೇನಸಾಬ ಟೇಲರ್. ಸೌದಿಯ ದಮ್ಮಾಮಿಗೆ ಹೋಗಿ ವರ್ಷಗಳೇ ಆಗಿದ್ದವು. ಅವನು ಹೋಗುವಾಗ ತೊಟ್ಟಿಲಲ್ಲಿದ್ದ ಮಗಳು ಈಗ ಸಾಲಿಗೆ ಹೋಗುತ್ತಿದ್ದಳು. ರಹಮತ್‌ಬಿಯೂ ಮನೆಯಲ್ಲೇ ಮಷೀನು ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು. ಮಾತು ಕಡಿಮೆ. ಅಂದು ನನ್ನ ಹೆಂಡತಿ ಸುಶೀಲಾಳ ಹತ್ತಿರ ಕೂತು ಹೇಳಿದಳು:

"ಅಕ್ಕಾರ, ಅವರ ಕರಾರು ಈ ತಿಂಗಳಿಗೆ ಮುಗೀತದಂತ. ಮತ್ತ ಸಹಿ ಹಾಕಿದ್ರ ಇನ್ನೂ ಎರಡು ವರ್ಷ ಬರಾಂಗಿಲ್ಲ. ಶುಕ್ರವಾರದ ಒಳಗ ಹೇಳಬೇಕಂತ. ನಾ ಕಾಗದ ಬರದ್ರ ಅದು ಮುಟ್ಟೂದ್ರಾಗ ಸಹಿ ಆಗಿಬಿಡ್ತದ. ನನಗ ಒಂದ ಮಾತು ಕೇಳೂದೈತಿ."

"ಅದೇನ್ ಮಹಾ!" ಎಂದು ನಾನು ಎದ್ದೇ ನಿಂತೆ. "ಸೊನ್ನಿ, ಸೊನ್ನಿ, ಒಂಬತ್ತು, ಆರು, ಆರು. ಮುಂದಿನ ನಂಬರ್ ಹೇಳವ್ವಾ."

ಅವಳು ಚೀಟಿ ಬಿಚ್ಚಿದಳು. ಹುಸೇನಸಾಬನ ಅಂಗಡಿಯ ನಂಬರು ಸೊನ್ನೆ ಮೂರರಿಂದ ಶುರುವಾಗುತ್ತಿತ್ತು. ತಿರುಗಿಸಿದೆ. ಒಂದು ಹೆಂಗಸಿನ ದನಿ ಅರಬ್ಬಿಯಲ್ಲಿ ಏನೋ ಹೇಳಿತು. ನಾನು "ಹಲೋ, ಹುಸೇನಸಾಬರನ್ನ ಕರೀರಿ" ಎಂದೆ. ಅವಳು ಹೇಳಿದ್ದನ್ನೇ ಹೇಳಿದಳು. ನಾನು ಹಿಂದಿಯಲ್ಲಿ ಕೇಳಿದೆ, ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಜಗ್ಗಲಿಲ್ಲ. ಸೋತು ಫೋನನ್ನು ರಹಮತ್‌ಬಿಯ ಕಿವಿಗೆ ಕೊಟ್ಟೆ.

"ಏನಂತಾಳ ನೋಡವ್ವಾ."

"ನನಗೇನ್ ತಿಳೀತದ್ರಿ ಮಾಸ್ತರ? ಅರಬ್ಬಿ ಓದಾಕ ಬರ್ತದ, ಜಗಳ ಮಾಡಾಕ ಬರಾಂಗಿಲ್ಲ" ಎಂದಳು.

ಅದು ಯಂತ್ರದ ದನಿ ಎಂದು ಸುಶೀಲಾ ಹೇಳಿದ ಮೇಲೆ ನನಗೆ ಗೊತ್ತಾಯಿತು. ಮರುದಿನವೂ ಅದೇ ದನಿ, ಅದರ ಮರುದಿನವೂ ಅದೇ. ಟೆಲಿಫೋನ್ ಕಚೇರಿಗೆ ಹೋಗಿ ಜಗಳ ತೆಗೆದೆ. ಅಲ್ಲಿದ್ದವರು "ಸೌದಿ ಕೋಡ್ ಒಂಬತ್ತು ಆರು ಆರು, ಬರೋಬ್ಬರಿ ಐತ್ರಿ" ಎಂದರು. ಅದು ನನಗೆ ಗೊತ್ತಿಲ್ಲವೇ? ನಾನು ಅಷ್ಟೇ ಕೇಳಿದ್ದೆ, ಅವರು ಅಷ್ಟೇ ಹೇಳಿದರು. ತರಗತಿಯಲ್ಲಿ ತುಂಗಭದ್ರೆಯ ಉಪನದಿಗಳನ್ನು ಹೇಳುತ್ತ ಹೇಳುತ್ತ ಕರಿಹಲಗೆಯ ಮೇಲೆ 966 ಎಂದು ಬರೆದೆ. ಹುಡುಗರು ಅದನ್ನೂ ಬರೆದುಕೊಂಡರು.

ಗುರುವಾರ ಸಂಜೆ. ಮಾರನೆಯ ದಿನ ಸಹಿ. ದಮ್ಮಾಮು ನಮಗಿಂತ ಎರಡೂವರೆ ತಾಸು ಹಿಂದೆ. ಅಂಗಡಿ ತೆರೆದಿರುತ್ತದೆ ಎಂಬ ಲೆಕ್ಕ ನನ್ನದು. ಡಯಲಿಗೆ ಬೆರಳಿಟ್ಟೆ. ರಹಮತ್‌ಬಿ ಚೀಟಿ ಹಿಡಿದು ಅಂಕಿ ಹೇಳುತ್ತಿದ್ದಳು. ಎಂದೂ ಅವಸರ ಮಾಡದವಳು ಅಂದು ಅವಸರ ಮಾಡಿದಳು. ಆರು ಇನ್ನೂ ಕರಕರ ಎಂದು ಮರಳುತ್ತಿರುವಾಗಲೇ ಅವಳು "ಸೊನ್ನಿ, ಮೂರು" ಎಂದದ್ದರಲ್ಲಿ ಸೊನ್ನೆ ಸದ್ದಿನಲ್ಲಿ ಮುಳುಗಿ, ಮೂರಷ್ಟೇ ನನ್ನ ಕಿವಿಗೆ ಬಿತ್ತು. ಇದು ಈಗ ಹೇಳುವ ಮಾತು. ಆಗ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೇ: ಅತ್ತ ಗಂಟೆ ಬಡಿಯಿತು! ಯಾರೋ ಎತ್ತಿ "ಹಲೋ" ಎಂದರು. ನಾನು "ಹುಸೇನಸಾಬ! ಗಂಗಾವತಿ! ಗಂಗಾವತಿ!" ಎಂದು ಕೂಗಿದ್ದಕ್ಕೆ ಹಾದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯೇ ನಿಂತಿತು. ಸ್ವಲ್ಪ ಹೊತ್ತಿಗೆ ಹುಸೇನಸಾಬನ ದನಿ, ಬಾವಿಯ ತಳದಿಂದ ಬಂದ ಹಾಗೆ. ನಾನು ಉತ್ಸಾಹದಲ್ಲಿ ಅಲ್ಲಿಯ ಹವಾಮಾನ ವಿಚಾರಿಸತೊಡಗಿದೆ.

ಸುಶೀಲಾ ಫೋನು ಕಸಿದು ರಹಮತ್‌ಬಿಯ ಕೈಗೆ ಕೊಟ್ಟು, "ಗಂಡ ಹೆಂಡ್ತಿ ಮಾತಾಡ್ತಾರ. ನೀವು ಹೊರಗ ನಡೀರಿ" ಎಂದಳು. ನನ್ನ ಮನೆಯಿಂದ ನನ್ನನ್ನೇ ಹೊರಗೆ ಹಾಕಿ, ತಾನೂ ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಕಟ್ಟೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಅಷ್ಟರಲ್ಲಿ ರಹಮತ್‌ಬಿ ಹೊರಗೆ ಬಂದಳು. ಚೀಟಿ ಇನ್ನೂ ಕೈಯಲ್ಲೇ ಇತ್ತು.

"ಕೇಳಿದ್ನಿರಿ ಮಾಸ್ತರ. ಅವರು ಉತ್ರ ಹೇಳೂದ್ರಾಗ ಲೈನ್ ಕಟ್ ಆತು."

"ಅಷ್ಟ ಅಲ್ಲೇನು? ತಡಿ, ಮತ್ತ ಹಚ್ಚೂಣಂತ!"

ಹಚ್ಚಿದೆ. ಈ ಸಲ ಒಂದಂಕಿಯೂ ತಪ್ಪಬಾರದೆಂದು ಚೀಟಿಯನ್ನು ನಾನೇ ಹಿಡಿದು, ಸೊನ್ನೆ ಪೂರಾ ಮರಳುವವರೆಗೆ ಹಲ್ಲು ಕಚ್ಚಿ ಕಾದು, ಎಂದೂ ಇಲ್ಲದ ತಾಳ್ಮೆಯಿಂದ ತಿರುಗಿಸಿದೆ. ಅರಬ್ಬಿ ಹೆಂಗಸು ಬಂದಳು. ಕತ್ತಲಾಗುವವರೆಗೂ ಅವಳೇ ಬಂದಳು. ಶುಕ್ರವಾರ ಬಂತು, ಹೋಯಿತು.

ಆಮೇಲಿನ ದಿನಗಳಲ್ಲಿ ನಾನು ಕೂತದ್ದೇ ಇಲ್ಲ. ಎದುರು ಮನೆಯಲ್ಲಿ ಮಷೀನಿನ ಸದ್ದು ನಿಂತರೆ ನಾನು ಕಿಟಕಿಗೆ ಬರುತ್ತಿದ್ದೆ, ಶುರುವಾದರೆ ಯಾಕೆ ಶುರುವಾಯಿತೆಂದು ಬರುತ್ತಿದ್ದೆ. ಕೊನೆಗೆ ಅವಳೇ ಒಂದು ದಿನ, "ಮಾಸ್ತರ, ನೀವು ಸ್ವಲ್ಪ ಕುಂದರ್ರಿ. ನಿಮ್ಮನ್ನ ನೋಡಿ ನನಗ ಗಾಬರಿ ಆಗಾಕತ್ತೈತಿ" ಎಂದಳು.

ಕೂತೆ. ಕೂತು ಮಾಡಲು ಕೆಲಸವಿಲ್ಲದೆ ಡೈರೆಕ್ಟರಿ ತೆಗೆದೆ. ದೇಶಗಳ ಪಟ್ಟಿಯ ಮೇಲೆಯೇ, ನಾನು ಅಮೆರಿಕಕ್ಕೆ ಬೇಗ ಹೋಗುವ ಭರದಲ್ಲಿ ದಾಟಿ ಬಂದಿದ್ದ ಒಂದು ಸಾಲು ಇತ್ತು: ಪರದೇಶದ ಊರಿನ ಕೋಡಿನ ಮೊದಲ ಸೊನ್ನೆಯನ್ನು ಬಿಟ್ಟು ತಿರುಗಿಸಬೇಕು. ಆ ಸೊನ್ನೆ ಅಲ್ಲಿಯವರು ಅಲ್ಲಲ್ಲೇ ಮಾತಾಡಿಕೊಳ್ಳುವುದಕ್ಕೆ ಇರುವುದು. ಮೂರರ ಹಿಂದಿದ್ದ ಸೊನ್ನೆ ಬಿಟ್ಟು ತಿರುಗಿಸಿದೆ. ಗಂಟೆ ಬಡಿಯಿತು. ಅದೇ ಅಂಗಡಿ.

"ಹುಸೇನ್? ವೋ ತೋ ಚಲಾ ಗಯಾ" ಎಂದಿತು ಒಂದು ದನಿ.

"ಕಹಾಂ ಗಯಾ?"

"ಮಾಲೂಮ್ ನಹೀ" ಎಂದು ಫೋನಿಟ್ಟರು.

ಹೋದ, ಆದರೆ ಎಲ್ಲಿಗೆ? ಅವರಿಗೂ ಗೊತ್ತಿಲ್ಲ. ಬೇರೆ ಅಂಗಡಿಗೋ? ಬೇರೆ ಊರಿಗೋ? ಅವಳ ಪ್ರಶ್ನೆಗೆ ಸಿಟ್ಟು ಬಂದು ಇನ್ನೂ ದೂರ ಹೋದನೋ? ಸುಶೀಲಾಳಿಗೆ ಹೇಳಿದೆ. "ಖರೆ ಏನು ಅಂತ ತಿಳಿಯೂತನಕ ಅಕಿಗೆ ಒಂದಕ್ಷರ ಹೇಳಬ್ಯಾಡ್ರಿ" ಎಂದು ಆಣೆ ಹಾಕಿಸಿದಳು. ನನ್ನ ಬಾಯಿಯನ್ನು ಮುಚ್ಚಿಡುವುದು ಎಷ್ಟು ಕಷ್ಟ ಎಂದು ಅವಳಿಗೇನು ಗೊತ್ತು? ರಹಮತ್‌ಬಿ ಎದುರಾದರೆ ಎಲ್ಲಿ ಹೇಳಿಬಿಡುತ್ತೇನೋ ಎಂಬ ಭಯ. ಅವಳನ್ನು ತಪ್ಪಿಸಲು ಸಾಲಿಗೆ ಹಿಂದಿನ ಓಣಿಯಿಂದ ಸುತ್ತು ಹಾಕಿ ಹೋಗತೊಡಗಿದೆ. ಅಲ್ಲಿ ನಾಯಿ ಕಾಟ ಬೇರೆ.

ಅದೇ ಹಿಂದಿನ ಓಣಿಯಲ್ಲಿ ಒಂದು ಬೆಳಿಗ್ಗೆ, ನಾಯಿಗೆ ಕಲ್ಲು ಹುಡುಕುತ್ತಿರುವಾಗ, ಎದುರಿಗೆ ಸೈಕಲ್ ರಿಕ್ಷಾದ ಮೇಲೆ ಒಂದು ದೊಡ್ಡ ಟ್ರಂಕು, ಅದರ ಪಕ್ಕದಲ್ಲಿ ಹುಸೇನಸಾಬ! "ಸಲಾಂ ಮಾಸ್ತರ" ಎಂದ. ನಾನು ಸಾಲಿ ಮರೆತು, ಕಲ್ಲು ಕೈಯಲ್ಲೇ ಹಿಡಿದು, ರಿಕ್ಷಾಕ್ಕಿಂತ ಮುಂದೆ ಓಡಿದೆ. ರಹಮತ್‌ಬಿಯ ಬಾಗಿಲಲ್ಲಿ ನಿಂತು ಏನು ಹೇಳಬೇಕೋ ತಿಳಿಯದೆ "ಬಂತು! ಬಂತು!" ಎಂದೆ. ಅವಳು ಕತ್ತರಿ ಹಿಡಿದೇ ಹೊರಗೆ ಬಂದಳು. ರಿಕ್ಷಾ ನೋಡಿದಳು. ಕತ್ತರಿಯನ್ನು ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ ಕತ್ತರಿ ಹಿಡಿದು ನಿಂತ ನನ್ನನ್ನು ದಾಟಿಕೊಂಡು ಹುಸೇನಸಾಬ ತನ್ನ ಮನೆ ಹೊಕ್ಕ.

ಸಂಜೆ ಗಂಡ, ಹೆಂಡತಿ, ಮಗಳು ಮೂವರೂ ಖರ್ಜೂರ ಹಿಡಿದುಕೊಂಡು ಬಂದರು. ಎಷ್ಟೋ ದಿನದಿಂದ ತಡೆದಿದ್ದ ಪ್ರಶ್ನೆ ನನ್ನ ಬಾಯಿಂದ ಹಾರಿತು. "ಅಲ್ಲೋ ಹುಸೇನಸಾಬ, ಅವತ್ತು ಫೋನಿನ್ಯಾಗ ಅಕಿ ಏನ್ ಕೇಳಿದ್ಲು?"

ಸುಶೀಲಾ ಕಣ್ಣು ಬಿಟ್ಟಳು. ಹುಸೇನಸಾಬ ನಕ್ಕ. "ಗರಗರ ಅಂತಿತ್ರಿ ಲೈನು. ನನಗ ಕೇಳಿಸಿದ್ದು ಒಂದ ಮಾತು. 'ಬರ್ತೀರೋ ಇಲ್ಲೋ?' ಬರ್ತೀನಿ ಅನ್ನೂದ್ರಾಗ ಕಟ್ ಆತು. ನಿಮ್ಮ ನಂಬರ್ ನನ್ನ ಕಡಿ ಇಲ್ಲ. ಕೇಳಿದಾಕಿಗೆ ಉತ್ರ ಕೊಡದ ಹ್ಯಾಂಗ ಕುಂದ್ರಲ್ರಿ? ಮರುದಿನ ಸಹಿ ಮಾಡಾಂಗಿಲ್ಲ ಅಂದೆ. ಇಲ್ಲೇ ಬಂದು ಹೇಳಿದ್ರಾತು ಅಂತ ಬಂದ್ನಿ."

ರಹಮತ್‌ಬಿ ಮಗಳ ಜಡೆ ಸರಿಪಡಿಸುತ್ತ ತಲೆ ತಗ್ಗಿಸಿದಳು.

ಅವರು ಹೋದ ಮೇಲೆ ನಾನು ಪಡಸಾಲೆಯಲ್ಲಿ ಶತಪಥ ಹಾಕುತ್ತ, ಇದರಲ್ಲಿ ನನ್ನ ಪಾತ್ರ ಎಷ್ಟಿತ್ತು ಎಂದು ಸ್ಟಾಫ್ ರೂಮಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸುತ್ತಿದ್ದೆ. ಅಡಿಗೆಮನೆಯಿಂದ ಸುಶೀಲಾ ಏನೋ ಅಂದಂತಾಯಿತು. "ಆಂ?" ಎಂದೆ. ಅವಳು ಬಾಗಿಲಿಗೆ ಬಂದು ನಿಂತಳು.

"ಅವರು ಒಂದು ಮಾತು ಕೇಳಿ ಸಮುದ್ರ ದಾಟಿ ಬಂದ್ರು. ನಾ ಆವಾಗಿನಿಂದ ಊಟಕ್ಕ ಕರ್ಯಾಕತ್ತೀನಿ. ಪಡಸಾಲಿಯಿಂದ ಅಡಿಗಿ ಮನಿಗೆ ನಿಮ್ಮನ್ನ ಕರೀಬೇಕಂದ್ರ ಯಾವ ಕೋಡ್ ಹಚ್ಚಬೇಕ್ರಿ?"

ಜಗತ್ತಿನ ಕೋಡುಗಳೆಲ್ಲ ಬಾಯಿಪಾಠವಾಗಿದ್ದವು. ಇದು ಮಾತ್ರ ಡೈರೆಕ್ಟರಿಯಲ್ಲಿ ಇರಲಿಲ್ಲ. ಹೋಗಿ ತಾಟಿನ ಮುಂದೆ ಕೂತೆ. ರೊಟ್ಟಿ ಆರಿ ಗಟ್ಟಿಯಾಗಿತ್ತು.